ಸಂಕ್ರಾಂತಿ ರಜೆಯಲ್ಲಿ ನಾನು ಹಾಕಿದ ಒಂದು ಟಿಕ್

2020ರ ಜನವರಿ 16, ಗುರುವಾರ. ಪ್ರೆಸ್ಸಿನ ಬಾಗಿಲು ತೆಗೆದು ಹತ್ತು ನಿಮಿಷ ಆಗಿರಲಿಲ್ಲ. ನಮ್ಮ ಡಿಟಿಪಿ ಅಕ್ಕ ಒಳಗಿನಿಂದ ಕೂಗಿದರು. "ಏನಪ್ಪಾ ಇದು? ಮದುಮಗಳಿಗೆ ತಲೆಕಟ್ಟೇ ಇಲ್ವಲ್ಲ!"

ಹೋಗಿ ನೋಡಿದೆ. ಲಗ್ನಪತ್ರಿಕೆಯ ಪುಟ ತೆರೆದಿತ್ತು. ಮೇಲೆ ಗಣಪತಿ ಸರಿಯಾಗಿದ್ದ. ಕೆಳಗೆ ಫೋನ್ ನಂಬರ್ ಸರಿಯಾಗಿತ್ತು. ವಧುವಿನ ಹೆಸರಲ್ಲಿ ಮಾತ್ರ ಅರ್ಧ ಅಕ್ಷರ ಉಳಿದಿತ್ತು, ಅರ್ಧ ಖಾಲಿ ಡಬ್ಬಿಗಳಾಗಿತ್ತು. ವರನದ್ದೂ ಅಷ್ಟೇ. ಮುಹೂರ್ತದ ಸಾಲಂತೂ ಓದೋಕೇ ಆಗುತ್ತಿರಲಿಲ್ಲ.

ಹಿಂದಿನ ದಿನ ಸಂಕ್ರಾಂತಿ, ಪ್ರೆಸ್ಸಿಗೆ ರಜೆ. ಆ ರಜೆಯಲ್ಲಿ ಒಬ್ಬನೇ ಕೂತು ಏಳು ಕಂಪ್ಯೂಟರ್‌ಗಳಿಗೆ ಹೊಸ ವಿಂಡೋಸ್ ಹಾಕಿದವನು ನಾನೇ.

ದಾವಣಗೆರೆಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹುದ್ದೆಗೆ ಹೆಸರೇನೂ ಇಲ್ಲ. ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ, ಯುಪಿಎಸ್ ಕೀಂಗುಟ್ಟಿದರೂ ನನ್ನನ್ನೇ. ನಮ್ಮದು ಮದುವೆ ಕಾರ್ಡು, ಬಿಲ್ ಬುಕ್, ಜಾತ್ರೆಯ ಕರಪತ್ರ, ಆಗಾಗ ಒಂದು ಸಣ್ಣ ಕವನ ಸಂಕಲನ. ಆವತ್ತಿನವರೆಗೆ ಎಲ್ಲ ಕಂಪ್ಯೂಟರ್‌ನಲ್ಲೂ ವಿಂಡೋಸ್ 7 ಇತ್ತು, ಅದೂ 32 ಬಿಟ್‌ನದು. ಜನವರಿ 14ಕ್ಕೆ ಅದಕ್ಕೆ ಬರುವ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲುತ್ತದೆ ಅಂತ ವರ್ಷದ ಹಿಂದೆಯೇ ಗೊತ್ತಿತ್ತು. ನಾನು ಸುಮ್ನೆ ಮುಂದೂಡುತ್ತಾ ಬಂದು ಕೊನೆಗೆ ಮರುದಿನದ ರಜೆ ಹಿಡಿದೆ.

ಅದಕ್ಕಿಂತ ಕೆಟ್ಟ ದಿನ ಇರಲಿಲ್ಲ. ಧನುರ್ಮಾಸದಲ್ಲಿ ಮದುವೆ ಇರಲ್ಲ, ಪ್ರೆಸ್ಸು ಒಂದು ತಿಂಗಳು ನಿದ್ದೆ ಮಾಡುತ್ತಿರುತ್ತದೆ. ಸಂಕ್ರಾಂತಿ ಮುಗಿದ ಮರುದಿನದಿಂದ ಕಾರ್ಡಿನ ಆರ್ಡರ್ ಮುಗಿಬೀಳುತ್ತವೆ. ಸುಮ್ಮನಿದ್ದ ತಿಂಗಳು ಪೂರ್ತಿ ಬಿಟ್ಟು, ಕುದುರೆ ಓಡೋಕೆ ನಿಂತಾಗ ನಾನು ಲಾಳ ಬದಲಾಯಿಸಿದ್ದೆ.

ಇನ್ನೊಂದು ನಿರ್ಧಾರವೂ ನನ್ನದೇ. ರ‍್ಯಾಮ್ 8 ಜಿಬಿಗೆ ಏರಿಸಿದ್ದೆವು. 32 ಬಿಟ್ ವಿಂಡೋಸ್ ಸುಮಾರು 4 ಜಿಬಿಗಿಂತ ಜಾಸ್ತಿ ಬಳಸಿಕೊಳ್ಳುವುದಿಲ್ಲ. ಹಾಗಾಗಿ ವಿಂಡೋಸ್ 10ರ 64 ಬಿಟ್ ಹಾಕೋಣ ಅಂದುಕೊಂಡೆ. 32ರಿಂದ 64ಕ್ಕೆ ಹಳೆಯದರ ಮೇಲೆಯೇ ಅಪ್‌ಗ್ರೇಡ್ ಮಾಡಲು ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು. ಸಾಮಾನ್ಯ ಅಪ್‌ಗ್ರೇಡ್ ಆದರೆ 10 ದಿನದೊಳಗೆ ಹಳೆಯದಕ್ಕೆ ವಾಪಸ್ ಹೋಗುವ ದಾರಿ ಇರುತ್ತದೆ. ಫಾರ್ಮ್ಯಾಟ್ ಮಾಡಿದವನಿಗೆ ಆ ದಾರಿಯೂ ಇಲ್ಲ. ಫೈಲ್‌ಗಳ ಬ್ಯಾಕಪ್ ತೆಗೆದಿದ್ದೆ. ಡಿಸ್ಕಿನ ಪೂರ್ತಿ ಇಮೇಜ್, ಅಂದರೆ ವಿಂಡೋಸು, ಸಾಫ್ಟ್‌ವೇರು ಎಲ್ಲ ಸೇರಿದ ಪಡಿಯಚ್ಚು, ತೆಗೆದಿರಲಿಲ್ಲ. ಇವೆರಡೂ ಒಂದೇ ಅಂತ ಆಗ ಅಂದುಕೊಂಡಿದ್ದೆ, ಏನು ಮಾಡೋದು.

ಸರಿ, ತಲೆಕಟ್ಟಿನ ವಿಷಯಕ್ಕೆ ಬರುತ್ತೇನೆ.

ಮೊದಲ ಅನುಮಾನ ಫಾಂಟ್ ಮೇಲೆ. ತೆಗೆದು ಮತ್ತೆ ಹಾಕಿದೆ. ಮೂರು ಸಲ ಹಾಕಿದೆ. ಅದೇ ಡಬ್ಬಿ. ಅದೇ ಫೈಲನ್ನು ಪಕ್ಕದ ಕಂಪ್ಯೂಟರ್‌ನಲ್ಲಿ ತೆರೆದರೆ ಎಲ್ಲ ಸರಿ! ಅದೇ ವಿಂಡೋಸ್, ಅದೇ ಫಾಂಟ್, ಅದೇ ಸಾಫ್ಟ್‌ವೇರ್. ಏಳರಲ್ಲಿ ನಾಲ್ಕು ಸರಿ, ಮೂರರಲ್ಲಿ ಡಬ್ಬಿ. ವೈರಸ್ ಇರಬಹುದಾ ಅಂತ ಸ್ಕ್ಯಾನ್ ಮಾಡಿದೆ. ಲೇಔಟ್ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದೆ. ಹಳೆಯ ವಿಂಡೋಸ್‌ನಂತೆ ನಟಿಸುವ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಎಕ್ಸ್‌ಪಿ ಅಂತಲೂ ಕೊಟ್ಟು ನೋಡಿದೆ, 7 ಅಂತಲೂ ಕೊಟ್ಟು ನೋಡಿದೆ. ಮಧ್ಯಾಹ್ನ ಒಂದಾಯಿತು. ಅಷ್ಟರಲ್ಲಿ ಕೌಂಟರಿನಲ್ಲಿ ಇಬ್ಬರು ಹೆಣ್ಣಿನ ಕಡೆಯವರು ಪ್ರೂಫ್ ನೋಡಬೇಕು ಅಂತ ಕೂತಿದ್ದರು. ಯಜಮಾನರು ಅವರಿಗೆ ಎರಡನೇ ಸಲ ಟೀ ತರಿಸಿದ್ದರು.

ಗಂಟು ಬಿಡಿಸಿದ್ದು ಅಕ್ಕ. ಅವರಿಗೆ ವಿಂಡೋಸ್ ಗೊತ್ತಿಲ್ಲ, ಅಕ್ಷರ ಗೊತ್ತು. ಇಪ್ಪತ್ತು ವರ್ಷದಿಂದ ಕಂಪೋಸ್ ಮಾಡುತ್ತಿದ್ದಾರೆ. "ನೋಡಪ್ಪ, ಸಿಕ್ಕ ಸಿಕ್ಕ ಅಕ್ಷರ ಹೋಗಿಲ್ಲ. ಎಲ್ಲ ಕಡೆನೂ ಅದೇ ಅಕ್ಷರ ಹೋಗಿದೆ. ಕ ಇದೆ, ಆದರೆ ತಲೆಕಟ್ಟಿಲ್ಲ. ನ ಇಡೀ ಪುಟದಲ್ಲಿ ಎಲ್ಲೂ ಇಲ್ಲ" ಅಂದರು. ಆಮೇಲೆ ಡ್ರಾಯರ್‌ನಿಂದ ಒಂದು ಹಳೆಯ ಜೆರಾಕ್ಸ್ ಹಾಳೆ ತೆಗೆದರು. ಫಾಂಟಿನ ಅಕ್ಷರಗಳ ಚಾರ್ಟ್ ಅದು. ಕೀಬೋರ್ಡಿನಲ್ಲಿ ಸಿಗದ ಅಕ್ಷರ ಬೇಕಾದರೆ ಆಲ್ಟ್ ಒತ್ತಿಕೊಂಡು ನಂಬರ್ ಹೊಡೆಯುತ್ತಿದ್ದ ಕಾಲದ್ದು. ಹೋಗಿದ್ದ ಅಕ್ಷರಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದರು. ಎಲ್ಲ ಸುತ್ತೂ ಹಾಳೆಯ ಕೆಳಗಿನ ಅರ್ಧದಲ್ಲೇ ಬಿದ್ದವು. 128ರಿಂದ ಮೇಲಿನ ನಂಬರಿನವು.

ಆಗ ನನ್ನ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.

ನುಡಿಯಂಥ ಹಳೆಯ ಮಾದರಿಯ ಫಾಂಟ್‌ಗಳಲ್ಲಿ ಕನ್ನಡಕ್ಕೆ ಅಂತ ಸ್ವಂತ ಜಾಗ ಇಲ್ಲ. ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಮನೆ. ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ, ಯುರೋಪಿನ ಗೀಟು-ಚುಕ್ಕೆಗಳ ಮನೆಗಳಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿರುತ್ತಾರೆ. ತಲೆಕಟ್ಟಿಲ್ಲದ ಕ ಇಂಗ್ಲಿಷಿನ ದೊಡ್ಡ ಪಿ ಇದ್ದ ಕಡೆ. ತಲೆಕಟ್ಟು ಗೀಟು ಹೊತ್ತ ಎ ಇದ್ದ ಕಡೆ. ನ ಇರುವುದು ಪೌಂಡ್ ಗುರುತಿನ ಮನೆಯಲ್ಲಿ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕನ್ನಡದ ಫೈಲ್ ತೆರೆದರೆ ನಡುನಡುವೆ ಪೌಂಡ್ ಗುರುತು ಕಾಣುತ್ತದಲ್ಲ, ಅದಕ್ಕೇ. ಮೊದಲ 128 ಮನೆಗಳನ್ನು ಎಲ್ಲ ವಿಂಡೋಸೂ ಒಂದೇ ರೀತಿ ಓದುತ್ತದೆ. ಮೇಲಿನ 128 ಮನೆಗಳನ್ನು ಹೇಗೆ ಓದಬೇಕು ಅನ್ನುವುದು ಸಿಸ್ಟಮ್‌ನ ಒಂದು ಸೆಟ್ಟಿಂಗ್‌ಗೆ ಸೇರಿದ್ದು.

ಆ ಸೆಟ್ಟಿಂಗನ್ನು ಬದಲಾಯಿಸಿದ್ದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್, ಅದರೊಳಗೆ ಅಡ್ಮಿನಿಸ್ಟ್ರೇಟಿವ್, ಅಲ್ಲಿ ಚೇಂಜ್ ಸಿಸ್ಟಮ್ ಲೊಕೇಲ್. 2018ರಿಂದ ಈಚೆಗೆ ಅಲ್ಲಿ ಒಂದು ಹೊಸ ಚೌಕ ಬಂದಿದೆ. ಜಗತ್ತಿನ ಭಾಷೆಗಳಿಗೆಲ್ಲ ಯುನಿಕೋಡ್ ಯುಟಿಎಫ್-8 ಬಳಸಿ ಅನ್ನುವ ಅರ್ಥದ್ದು, ಶುರುವಿನಲ್ಲೇ ಬೀಟಾ, ಅಂದರೆ ಇನ್ನೂ ಪರೀಕ್ಷೆಯ ಹಂತದ್ದು, ಅಂತಲೂ ಬರೆದಿದೆ. ಯುನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೂ ಸ್ವಂತ ನಂಬರ್ ಇದೆ, ಯುಟಿಎಫ್-8 ಅಂದರೆ ಅದನ್ನು ಫೈಲಿನಲ್ಲಿ ಬರೆಯುವ ಒಂದು ರೀತಿ. ಯುನಿಕೋಡ್ ಅಂದರೆ ಕನ್ನಡಕ್ಕೆ ಒಳ್ಳೆಯದೇ ಅಲ್ವಾ ಅಂತ ಟಿಕ್ ಹಾಕಿದ್ದೆ. ಮೂರು ಕಂಪ್ಯೂಟರ್ ಆಗುವಷ್ಟರಲ್ಲಿ ಮನೆಯಿಂದ ಎಳ್ಳುಬೆಲ್ಲಕ್ಕೆ ಬಾ ಅಂತ ಫೋನ್ ಬಂತು. ಉಳಿದ ನಾಲ್ಕನ್ನು ಅವಸರದಲ್ಲಿ ಮುಗಿಸಿದೆ, ಟಿಕ್ ಮರೆತೆ. ಆ ಮರೆವೇ ನಾಲ್ಕು ಕಂಪ್ಯೂಟರ್ ಉಳಿಸಿತ್ತು.

ಟಿಕ್ ಇದ್ದರೆ ಏನಾಗುತ್ತದೆ? ಯುನಿಕೋಡ್ ತಿಳಿಯದ ಹಳೆಯ ಸಾಫ್ಟ್‌ವೇರ್ ಒಂದು ಬೈಟಿಗೆ, ಅಂದರೆ 0ರಿಂದ 255ರೊಳಗಿನ ಒಂದು ನಂಬರಿಗೆ, ಒಂದು ಅಕ್ಷರ ಅಂತ ಕೊಡುತ್ತದೆ. ಯುಟಿಎಫ್-8 ಲೆಕ್ಕದಲ್ಲಿ 128ರಿಂದ ಮೇಲಿನ ಒಂಟಿ ಬೈಟಿಗೆ ಅರ್ಥವೇ ಇಲ್ಲ. ಎರಡೋ ಮೂರೋ ಸರಿಯಾಗಿ ಸೇರಿದರೆ ಮಾತ್ರ ಅಕ್ಷರ. ಹಾಗಾಗಿ ವಿಂಡೋಸ್ ಅದರ ಜಾಗದಲ್ಲಿ ಡಬ್ಬಿ ಇಡುತ್ತದೆ. ಹೊಸ ಸಾಫ್ಟ್‌ವೇರ್‌ಗೆ ಇದರಿಂದ ತೊಂದರೆ ಇಲ್ಲ. ನಮ್ಮಂಥವರ ಹಳೆಯ ಫೈಲ್‌ಗಳಿಗೆ ಯಮ.

ಟಿಕ್ ತೆಗೆದು ರೀಸ್ಟಾರ್ಟ್ ಮಾಡಿದೆ. ತಲೆಕಟ್ಟು ಬಂತು, ನ ಬಂತು, ಮುಹೂರ್ತ ಬಂತು. ಆದರೆ ಬೆಳಿಗ್ಗೆ ಆ ಕಂಪ್ಯೂಟರ್‌ನಲ್ಲಿ ಕಾಪಿ ಮಾಡಿ, ಪೇಸ್ಟ್ ಮಾಡಿ, ಸೇವ್ ಮಾಡಿದ್ದ ಎರಡು ಪುಟ ವಾಪಸ್ ಬರಲಿಲ್ಲ. ಅಲ್ಲಿ ಡಬ್ಬಿ ಬರಿಯ ತೋರಿಕೆಯಲ್ಲ, ಅಕ್ಷರವೇ ಹೋಗಿತ್ತು. ಅಕ್ಕ ಮಾತಾಡದೆ ಎರಡೂ ಪುಟ ಮತ್ತೆ ಕಂಪೋಸ್ ಮಾಡಿದರು. ಆ ಮೌನ ನನಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸಿತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ಕಾರ್ಡಿನ ಅಲಂಕಾರದ ಅಕ್ಷರಗಳಿಗೆ ಇನ್ನೊಂದು ಸಾಫ್ಟ್‌ವೇರ್ ಇತ್ತು. ಕಂಪ್ಯೂಟರಿನ ಹಿಂಬದಿಗೆ ಡಾಂಗಲ್ ಅನ್ನುವ, ಬೀಗದ ಕೈಯಂಥ ಒಂದು ಸಣ್ಣ ಯುಎಸ್‌ಬಿ ವಸ್ತು ಚುಚ್ಚಿದರೆ ಮಾತ್ರ ತೆರೆಯುವಂಥದ್ದು. ಡಾಂಗಲ್ ಸರಿ ಇದೆ, ದೀಪ ಮಾತ್ರ ಹತ್ತುತ್ತಿಲ್ಲ. ಸಾಮಾನ್ಯ ಪ್ರೋಗ್ರಾಂ 32 ಬಿಟ್‌ನದಾದರೂ 64 ಬಿಟ್ ವಿಂಡೋಸ್‌ನಲ್ಲಿ ಓಡುತ್ತದೆ. ಡಾಂಗಲ್‌ನಂಥ ವಸ್ತುವನ್ನು ವಿಂಡೋಸ್‌ಗೆ ಪರಿಚಯಿಸುವ ಡ್ರೈವರ್‌ಗೆ ಆ ರಿಯಾಯಿತಿ ಇಲ್ಲ. ಅದು ವಿಂಡೋಸ್‌ನ ಒಳಮನೆಯಲ್ಲಿ ಕೂರುವುದು, 64 ಬಿಟ್‌ನದೇ ಆಗಿರಬೇಕು, ಡಿಜಿಟಲ್ ಸಹಿಯೂ ಇರಬೇಕು. ಹೊಸ ಆವೃತ್ತಿ ಕೊಂಡಿದ್ದರೆ ಡ್ರೈವರ್ ಸಿಗುತ್ತಿತ್ತು. ನಾವು ಕೊಂಡಿರಲಿಲ್ಲ. ಇದರಲ್ಲಿ ಯಾರನ್ನೂ ದೂರುವ ಹಾಗಿಲ್ಲ. ನಾನು ಮಾಡಿಕೊಂಡ ಪಟ್ಟಿಯಲ್ಲಿ ಸಾಫ್ಟ್‌ವೇರ್‌ಗಳ ಹೆಸರಿತ್ತು, ಅವುಗಳ ಹಿಂದೆ ಚುಚ್ಚಿದ್ದ ವಸ್ತುಗಳ ಹೆಸರಿರಲಿಲ್ಲ.

ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ನಮ್ಮ ಕೆಲಸದ ರಿಜಿಸ್ಟರ್ ಪ್ರೋಗ್ರಾಂ ಕೂಡ ಹೋಯಿತು. ಬಿಲ್ಲಿಂಗ್ ಅನ್ನು 2017ರಲ್ಲಿ ಜಿಎಸ್‌ಟಿ ಬಂದಾಗಲೇ ಬದಲಾಯಿಸಿದ್ದೆವು. ಆದರೆ ಯಾರಿಗೆ ಯಾವ ಪೇಪರ್, ಎಷ್ಟು ಪ್ರತಿ ಅನ್ನುವುದನ್ನು ಯಜಮಾನರು ಆ ಹಳೆಯ ಪರದೆಯಲ್ಲೇ ನೋಡುತ್ತಿದ್ದರು. ಅಂಥ 16 ಬಿಟ್‌ನ ಪ್ರೋಗ್ರಾಂ 64 ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ, ಕಂಪ್ಯಾಟಿಬಿಲಿಟಿ ಮೋಡ್‌ಗೂ ಬಗ್ಗುವುದಿಲ್ಲ. ಗೋಡೌನಿನಲ್ಲಿದ್ದ ಹಳೆಯ ಸಿಸ್ಟಮ್ ಒರೆಸಿ ತಂದು, 32 ಬಿಟ್ ಹಾಕಿ, ಇಂಟರ್ನೆಟ್ ವೈರ್ ಕಿತ್ತು ಯಜಮಾನರ ಟೇಬಲ್ಲಿನ ಮೇಲೆ ಇಟ್ಟೆ. ಜೆರಾಕ್ಸ್ ಮಿಷನ್ನಿನಿಂದ ಸ್ಕ್ಯಾನ್ ಆಗಿ ಫೋಲ್ಡರಿಗೆ ಬಂದು ಬೀಳುತ್ತಿದ್ದ ಫೋಟೋಗಳೂ ನಿಂತವು. ಆ ಮಿಷನ್ನಿಗೆ ಗೊತ್ತಿದ್ದದ್ದು ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ಹಳೆಯ ಪದ್ಧತಿ, ಎಸ್‌ಎಂಬಿ 1 ಮಾತ್ರ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಹರಡಿದ್ದು ಅದರ ತೂತಿನಿಂದಲೇ. ಅದೇ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ಸಾಮಾನ್ಯವಾಗಿ ಆನ್ ಇರುವುದಿಲ್ಲ. ಮತ್ತೆ ಆನ್ ಮಾಡಿಬಿಡೋಣ ಅನ್ನಿಸಿತು. ಒಂದು ವಾರ ಮಾಡಿಯೂ ಇದ್ದೆ, ಸುಳ್ಳು ಹೇಳಲ್ಲ. ಆಮೇಲೆ ಭಯವಾಗಿ ಫೈಲ್ ಕಳಿಸುವ ಇನ್ನೊಂದು ಪದ್ಧತಿಯಾದ ಎಫ್‌ಟಿಪಿಗೆ ಬದಲಾಯಿಸಿದೆ.

ಆದರೆ ದುಡ್ಡು ಹೋಗಿದ್ದು ಇವ್ಯಾವುದರಿಂದಲೂ ಅಲ್ಲ. ಪ್ರಿಂಟರ್‌ನಿಂದ.

ನಮ್ಮಲ್ಲಿ ಸಣ್ಣ ಕೆಲಸಗಳಿಗೆ ಲೇಸರ್ ಪ್ರಿಂಟರ್‌ನಲ್ಲಿ ಟ್ರೇಸಿಂಗ್, ಅಂದರೆ ಬೆಳಕು ಹಾಯುವ ತೆಳು ಹಾಳೆಯ ಮೇಲೆ ಪುಟದ ಪ್ರತಿ, ತೆಗೆದು, ಅದರಿಂದ ಮುದ್ರಣದ ಪ್ಲೇಟ್ ಮಾಡುತ್ತೇವೆ. ಎರಡು ಬಣ್ಣದ ಕಾರ್ಡಿಗೆ ಎರಡು ಟ್ರೇಸಿಂಗ್. ಒಂದು ಆರ್ಡರಿನ ಕೆಂಪು ಬಣ್ಣದ ಟ್ರೇಸಿಂಗ್ ಹಬ್ಬಕ್ಕೆ ಮುಂಚೆಯೇ ತೆಗೆದಾಗಿತ್ತು, ವಿಂಡೋಸ್ 7ರಿಂದ. ಅಕ್ಷರಗಳಿರುವ ಇನ್ನೊಂದು ಬಣ್ಣದ್ದು ಉಳಿದಿತ್ತು, ಯಾಕೆಂದರೆ ಆಹ್ವಾನಿಸುವವರ ಪಟ್ಟಿಗೆ ಕೊನೇ ಗಳಿಗೆಯಲ್ಲಿ ಇನ್ನೊಬ್ಬ ಸೋದರಮಾವ ಸೇರಿದ್ದರು. 17ನೇ ತಾರೀಕು ಹೊಸ ವಿಂಡೋಸ್‌ನಿಂದ ಅದನ್ನು ತೆಗೆದೆವು. ಪರದೆಯಲ್ಲಿ ಸರಿ, ಟ್ರೇಸಿಂಗ್‌ನಲ್ಲೂ ಓದಲು ಸರಿ. ಕೆಂಪು 500 ಪ್ರತಿ ಮುದ್ರಣವಾಗಿತ್ತು. ಎರಡನೇ ಬಣ್ಣ ಕೂರಿಸಲು ಹೋದ ಮಿಷನ್‌ಮನ್ ಅರ್ಧ ಗಂಟೆ ಒದ್ದಾಡಿ, ಕೈ ಒರೆಸಿಕೊಂಡು ಬಂದರು. "ಸಾರ್, ಎಡಕ್ಕೆ ಕೂರಿಸಿದ್ರೆ ಬಲ ಬಿಡುತ್ತೆ, ಬಲಕ್ಕೆ ಕೂರಿಸಿದ್ರೆ ಎಡ ಬಿಡುತ್ತೆ. ಅಳತೇನೇ ಬೇರೆ."

ಸ್ಕೇಲ್ ಇಟ್ಟು ನೋಡಿದೆವು. ಹೊಸ ಡ್ರೈವರ್ ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ತಾನಾಗಿಯೇ ಆನ್ ಇಟ್ಟುಕೊಂಡು 97 ಪರ್ಸೆಂಟಿಗೆ ಕುಗ್ಗಿಸಿತ್ತು. 7 ಇಂಚಿನ ಕಾರ್ಡಿನಲ್ಲಿ 3 ಪರ್ಸೆಂಟ್ ಅಂದರೆ 5 ಮಿಲಿಮೀಟರ್‌ಗಿಂತ ಜಾಸ್ತಿ. ಗಣಪತಿಯ ಸುತ್ತಲಿನ ಚೌಕಟ್ಟು ಒಂದು ಕಡೆ, ಒಳಗಿನ ಶ್ಲೋಕ ಇನ್ನೊಂದು ಕಡೆ. 500 ಕಾರ್ಡು ರದ್ದಿಗೆ ಹೋಯಿತು, ಅದೂ ಒಳ್ಳೆಯ ದಪ್ಪ ಕಾಗದದ್ದು. ಯಜಮಾನರು ಸಂಬಳದಲ್ಲಿ ಹಿಡಿಯಲಿಲ್ಲ. "ಸಾಫ್ಟ್‌ವೇರ್ ಓಪನ್ ಆಗುತ್ತಾ ಅಂತ ನೋಡಿದ್ಯಲ್ಲಯ್ಯ, ಕಾರ್ಡು ಆಗುತ್ತಾ ಅಂತ ನೋಡಿದ್ಯಾ?" ಅಂತ ಮಾತ್ರ ಕೇಳಿದರು.

ನಿಜಕ್ಕೂ ನೋಡಿರಲಿಲ್ಲ. ಸಂಕ್ರಾಂತಿ ಸಂಜೆ ಪ್ರತಿ ಕಂಪ್ಯೂಟರ್‌ನಲ್ಲೂ ಐಕಾನ್ ಒತ್ತಿ, ಕಿಟಕಿ ತೆರೆದುಕೊಂಡ ಕೂಡಲೇ ಮುಚ್ಚಿ, ಪಟ್ಟಿಯಲ್ಲಿ ಗುರುತು ಹಾಕಿದ್ದೆ. ಒಂದೇ ಒಂದು ಹಳೆಯ ಕಾರ್ಡನ್ನು ತೆರೆದು ಟ್ರೇಸಿಂಗ್‌ವರೆಗೆ ತಂದಿದ್ದರೆ ತಲೆಕಟ್ಟೂ ಸಿಕ್ಕಿಬೀಳುತ್ತಿತ್ತು, 97 ಪರ್ಸೆಂಟೂ ಸಿಕ್ಕಿಬೀಳುತ್ತಿತ್ತು. ಹತ್ತು ನಿಮಿಷದ ಕೆಲಸ. ಇನ್ನೊಂದು, ಅಕ್ಕನನ್ನು ಆವತ್ತು ಒಂದು ಗಂಟೆ ಕರೆಸಿಕೊಳ್ಳಬೇಕಿತ್ತು. ಹಬ್ಬದ ದಿನ ಯಾಕೆ ತೊಂದರೆ ಅಂದುಕೊಂಡೆ. ಮರುದಿನ ಕೊಟ್ಟ ತೊಂದರೆ ಅದರ ಹತ್ತು ಪಟ್ಟು.

ಆಮೇಲೆ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಮದುವೆಗಳೇ ನಿಂತವು. ಅದು ಬೇರೆ ಕಥೆ.

ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರ ಗಡುವು ಬಂತು. ಈ ಸಲ ಆಷಾಢದಲ್ಲೇ ಶುರು ಮಾಡಿದೆ, ಮದುವೆ ಇಲ್ಲದ ತಿಂಗಳು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಏಳರಲ್ಲಿ ನಾಲ್ಕಕ್ಕೆ ಆ ಯೋಗ್ಯತೆ ಇರಲಿಲ್ಲ, ಹೊಸದು ಕೊಂಡೆವು. ಮೊದಲು ಒಂದನ್ನು ಮಾತ್ರ ಬದಲಾಯಿಸಿದೆ. ಬದಲಾಯಿಸುವ ಮುಂಚೆ ಡಿಸ್ಕಿನ ಪೂರ್ತಿ ಇಮೇಜ್ ತೆಗೆದು ಬೇರೆ ಡಿಸ್ಕಿನಲ್ಲಿಟ್ಟೆ. ಡಾಂಗಲ್‌ನ ಸಾಫ್ಟ್‌ವೇರನ್ನು ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ಓಡುವ ವರ್ಚುವಲ್ ಮಿಷನ್‌ನೊಳಗೆ 32 ಬಿಟ್ ವಿಂಡೋಸ್ 7 ಹಾಕಿ ಅದರಲ್ಲಿ ಇಳಿಸಿದೆ, ನೆಟ್‌ವರ್ಕ್ ಕೊಡಲಿಲ್ಲ. ಯುಎಸ್‌ಬಿಯನ್ನು ಒಳಗೆ ದಾಟಿಸಿದರೆ ಡಾಂಗಲ್ ಕೆಲಸ ಮಾಡುತ್ತದೆ, ಆ ಪುಟ್ಟ ದೀಪ ಹತ್ತಿದ್ದು ನೋಡಿ ಖುಷಿಯಾಯಿತು.

ಪರೀಕ್ಷೆಗೆ ಕೆಲಸ ಆರಿಸಿದ್ದು ಅಕ್ಕ. ಮೂರು ಹಳೆಯ ಫೈಲ್ ಕೊಟ್ಟರು: ಎರಡು ಬಣ್ಣದ ಒಂದು ಲಗ್ನಪತ್ರಿಕೆ, ಒತ್ತಕ್ಷರ ತುಂಬಿದ ಒಂದು ಸಂಸ್ಕೃತ ಸ್ತೋತ್ರ, ಗೆರೆಗಳೇ ಜಾಸ್ತಿ ಇರುವ ಒಂದು ಬಿಲ್ ಬುಕ್. ಮೂರನ್ನೂ ಹೊಸ ಕಂಪ್ಯೂಟರ್‌ನಿಂದ ಟ್ರೇಸಿಂಗ್ ತೆಗೆದು, ಹಳೆಯ ಟ್ರೇಸಿಂಗ್ ಮೇಲಿಟ್ಟು, ಕೆಳಗಿನಿಂದ ಲೈಟ್ ಹಾಕಿ ನೋಡಿದೆವು. ಲಗ್ನಪತ್ರಿಕೆ, ಬಿಲ್ ಬುಕ್ ಎರಡೂ ಕೂದಲೆಳೆಯಷ್ಟೂ ಬಿಡದೆ ಕೂತವು. ಸ್ತೋತ್ರ ಒಂದು ಸಾಲು ಕೆಳಗೆ ಜಾರಿತ್ತು. ಹುಡುಕಿದರೆ, ಶೀರ್ಷಿಕೆಗೆ ಬಳಸಿದ್ದ ತುಂಗಾ ಫಾಂಟ್ ಹೊಸ ವಿಂಡೋಸ್‌ನ ಜೊತೆ ತಾನಾಗಿ ಬರುವುದಿಲ್ಲ, ಆಪ್ಷನಲ್ ಫೀಚರ್‌ನಿಂದ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಹಾಕಿಕೊಳ್ಳಬೇಕು. ಹಾಕಿದೆ, ಸಾಲು ಮೇಲೆ ಬಂತು.

ಅಕ್ಕ ಟ್ರೇಸಿಂಗ್ ಹಾಳೆಗಳನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರು. ಆಮೇಲೆ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು. "ಈ ಸಲ ಎಲ್ಲೂ ಟಿಕ್ ಹಾಕಿಲ್ಲ ತಾನೇ?"