ಕೈಗಾ ಅಲ್ಲ, ಕೈಗೊ

ಸೆಪ್ಟೆಂಬರ್ 10, 2025, ಬುಧವಾರ
ಕಾರವಾರ, ರಾತ್ರಿ ಹತ್ತೂವರೆ

ಕರೆಂಟು ಈಗಷ್ಟೇ ಬಂತು. ಇವರು ಆಗಲೇ ಮಲಗಿಯಾಯಿತು. ನನಗೆ ನಿದ್ದೆ ಹತ್ತುವ ಲಕ್ಷಣ ಕಾಣಲಿಲ್ಲ, ಅದಕ್ಕೇ ಇದು.

ಜಪಾನಿ ಕ್ಲಾಸಿನ ಸುದ್ದಿಯನ್ನು ಚೌತಿಗೆ ಮೊದಲೇ ಬರೆದಿದ್ದೆ. ಮೇಲಿನಿಂದ ಸುತ್ತೋಲೆ ಬಂದಿತ್ತು: ಪದವಿಯ ಮಕ್ಕಳಿಗೆ ಆರಂಭದ ಹಂತದ ಜಪಾನಿ, ಎರಡು ಕ್ರೆಡಿಟ್, ಮೂವತ್ತು ತಾಸು, ಯಾವ ವಿಭಾಗದವರು ಬೇಕಾದರೂ ತೆಗೆದುಕೊಳ್ಳಬಹುದು. ಕೋಆರ್ಡಿನೇಟರ್ ಯಾರು ಅಂದಾಗ ಸಭೆಯಲ್ಲಿ ಎಲ್ಲರೂ ಫ್ಯಾನು ನೋಡುತ್ತ ಕೂತರು. ಪ್ರಿನ್ಸಿಪಾಲರು "ಮೇಡಂ, ಹೇಗೂ ನೀವು ಭಾಷೆಯವರೇ ಅಲ್ವಾ" ಎಂದು ನನ್ನ ಕೊರಳಿಗೆ ಕಟ್ಟಿದರು. ಹಳಗನ್ನಡ ಪಾಠ ಮಾಡುವವಳಿಗೆ ಜಪಾನಿ. ಬೇಸಿಗೆಯಿಂದ ರಾತ್ರಿ ಹೊತ್ತು ಕೂತು ಕಲಿಯುತ್ತಿದ್ದೇನೆ. ಈಗ ಮಕ್ಕಳಿಗಿಂತ ನಾಲ್ಕು ಪಾಠ ಮುಂದಿದ್ದೇನೆ, ಅಷ್ಟೇ.

ಉದ್ಘಾಟನೆಯ ಅತಿಥಿಗಳು ಟ್ಯಾಗೋರರಿಂದ ಶುರು ಮಾಡಿದರು. ಕಾರವಾರದಲ್ಲಿ ಟ್ಯಾಗೋರರನ್ನು ಮುಟ್ಟದೆ ಮುಗಿಯುವ ಭಾಷಣವನ್ನು ನಾನಿನ್ನೂ ಕೇಳಬೇಕು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ ಬಂದು ಉಳಿದಿದ್ದ ತರುಣ ಕವಿ ಮುಂದೆ 1916ರಲ್ಲಿ ಜಪಾನಿಗೆ ಹೋದದ್ದು ನಿಜವೇ. "ಅದಕ್ಕೂ ಎರಡು ಕ್ರೆಡಿಟ್ಟಿಗೂ ಎಂತ ಸಂಬಂಧ" ಎಂದು ಹಿಂದಿನ ಬೆಂಚಿನವರು ಪಿಸುಗುಟ್ಟಿದ್ದು ನನ್ನ ತನಕ ಕೇಳಿಸಿತು.

ಇರಲಿ. ಇವತ್ತಿನದನ್ನು ಹೇಳಬೇಕು.

ಪಾಠ ಮಾಡುವವರು ಪುಣೆಯಿಂದ ಪರದೆಯ ಮೇಲೆ ಬರುತ್ತಾರೆ. ಒಳ್ಳೆಯ ಹೆಂಗಸು, ತಾಳ್ಮೆ ಬಹಳ. ಆದರೆ ಪಾಠ ಇಂಗ್ಲಿಷಿನಲ್ಲಿ. ಇಂಗ್ಲಿಷ್ ವಾಕ್ಯ ಒಂದನ್ನು ಬರೆದು, ಅದರ ಮೇಲೆ ಕೆಂಪು ಬಾಣ ಹಾಕಿ, "ಈಗ ಎಲ್ಲವನ್ನೂ ತಿರುಗಿಸಿ, ಕ್ರಿಯಾಪದವನ್ನು ಕೊನೆಗೆ ಒಯ್ಯಿರಿ, ಜಪಾನಿಯಲ್ಲಿ ಮೊದಲ ಕಷ್ಟ ಇದೇ" ಎಂದರು. ಮೂವತ್ತೊಂದು ಮಕ್ಕಳೂ ಶ್ರದ್ಧೆಯಿಂದ ಬಾಣ ಬರೆದುಕೊಂಡರು. ನಾನೂ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಪಕ್ಕದಲ್ಲಿದ್ದ ಅಂಕೋಲೆಯ ಹುಡುಗ, ಬಿಕಾಂ, ಯಾವಾಗಲೂ ಅರ್ಧ ನಿದ್ದೆಯಲ್ಲಿರುವವನು, ನನ್ನ ಕಡೆ ವಾಲಿ ಕೇಳಿದ: "ಮೇಡಂ, ನಾವು ಹಾಗೇ ಅಲ್ವಾ ಹೇಳೂದು? ನಾನು ಅನ್ನ ತಿಂತೇನೆ. ಇದ್ರಲ್ಲಿ ತಿರುಗಿಸೂದು ಎಂತ ಇದೆ?"

ನನ್ನ ಪೆನ್ನು ಅಲ್ಲೇ ನಿಂತಿತು. ಇಪ್ಪತ್ತೆರಡು ವರ್ಷ ವ್ಯಾಕರಣ ಕಲಿಸಿದವಳು ನಾನು. ಈ ಹುಡುಗ ಕನ್ನಡದಲ್ಲಿ ಸರಿಯಾಗಿಯೇ ಇದ್ದ ವಾಕ್ಯವನ್ನು ಇಂಗ್ಲಿಷಿಗಾಗಿ ಒಮ್ಮೆ ತಿರುಗಿಸಿ, ಜಪಾನಿಗಾಗಿ ಮತ್ತೆ ವಾಪಸು ತಿರುಗಿಸಬೇಕು. ಎದುರಿನ ಮನೆಗೆ ಹೋಗಲು ಊರೆಲ್ಲ ಸುತ್ತಿದ ಹಾಗೆ.

ಅಷ್ಟರಲ್ಲಿ ಪುಣ್ಯಕ್ಕೆ ನೆಟ್‌ವರ್ಕ್ ಹೋಯಿತು. ಪುಣೆಯವರು ಬಾಯಿ ತೆರೆದಲ್ಲೇ ನಿಂತರು. ನಾನು ಎದ್ದು ಸೀಮೆಸುಣ್ಣ ತೆಗೆದುಕೊಂಡೆ.

"ಕಾರವಾರದಿಂದ ಶಿರಸಿವರೆಗೆ ಬಸ್ಸಲ್ಲಿ ಹೋಗುತ್ತೇನೆ" ಎಂದು ಬರೆದೆ. ಅದರ ಕೆಳಗೆ, ಕನ್ನಡ ಲಿಪಿಯಲ್ಲೇ, ಜಪಾನಿ: "ಕಾರುವಾರು ಕಾರಾ, ಶಿರುಶಿ ಮಾದೆ, ಬಸು ದೆ, ಇಕಿಮಾಸು." ಕಾರಾ ಅಂದರೆ ಇಂದ. ಮಾದೆ ಅಂದರೆ ವರೆಗೆ. ದೆ ಅಂದರೆ ಅಲ್ಲಿ. ಬಾಣ ಒಂದೂ ಬೇಕಾಗಲಿಲ್ಲ, ಪದದ ಕೆಳಗೆ ಪದ ನೆಟ್ಟಗೆ ಕೂತಿತು. ವಿಭಕ್ತಿ ಪ್ರತ್ಯಯ ಅಂದರೆ ಮೂಗು ಮುರಿಯುವ ಮಕ್ಕಳು ಇವತ್ತು ಪ್ರತ್ಯಯಗಳನ್ನು ಕೇಳಿ ಕೇಳಿ ಬರೆದುಕೊಂಡರು. ಹಳಗನ್ನಡದ ಕ್ಲಾಸಿನಲ್ಲಿ ಈ ಕಣ್ಣುಗಳು ಎಲ್ಲಿ ಹೋಗಿರುತ್ತವೋ!

ಜಪಾನಿಯವರಿಗೆ 'ಸಿ' ಬಾಯಲ್ಲಿ ನಿಲ್ಲದು, 'ಶಿ' ಆಗುತ್ತದೆ. ಹಾಗಾಗಿ ಇಂಗ್ಲಿಷ್ ಕಾಗುಣಿತದ ಸಿರ್ಸಿ ಅಲ್ಲಿ ಶಿರುಶಿ. ಅವರ ಭಾಷೆಯಲ್ಲಿ ಆ ಮಾತಿಗೆ ಗುರುತು ಅಂತ ಅರ್ಥವೂ ಇದೆ. ಹುಟ್ಟಿದೂರಿಗೆ ಹೀಗೊಂದು ಅರ್ಥ ಎಲ್ಲಿಂದಲೋ ಬಂದು ಕೂತದ್ದು ನನಗಂತೂ ಬಹಳ ಇಷ್ಟವಾಯಿತು. ಮಕ್ಕಳಿಗೆ ಅಷ್ಟೇನೂ ಆಗಲಿಲ್ಲ. ಕುಮಟೆಗೆ ಏನಂತಾರೆ ಎಂದು ಕೇಳಿದರು.

ಆಮೇಲೆ ಅಕ್ಷರಮಾಲೆ. ಹಿರಗಾನ 46, ಕತಕಾನ 46, ಅದರ ಮೇಲೆ ದಿನಬಳಕೆಯ ಚಿತ್ರಾಕ್ಷರಗಳೇ 2,136 ಎಂದು ಮೊದಲ ದಿನವೇ ಕೇಳಿ ಹೆದರಿ ಕೂತಿದ್ದರು. ಹಿರಗಾನದ ಕ್ರಮ ಓದಿದೆ: ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆಯಾ? ಚ ಇರಬೇಕಾದಲ್ಲಿ ಸ ಕೂತಿದೆ, ಪ ಇರಬೇಕಾದಲ್ಲಿ ಹ. ಆ ಹ ಹಿಂದೊಂದು ಕಾಲಕ್ಕೆ ಪ ಆಗಿಯೇ ಇತ್ತು. ನಮಗೆ ಅದರಲ್ಲಿ ಆಶ್ಚರ್ಯವೇನಿದೆ, ಪಾಲು ಹಾಲಾದ, ಪುಲಿ ಹುಲಿಯಾದ ಭಾಷೆಯವರು ನಾವು. ಉಳಿದದ್ದು ನಮ್ಮ ವರ್ಣಮಾಲೆಯ ಕ್ರಮವೇ. ಬೌದ್ಧ ಸನ್ಯಾಸಿಗಳು ಮಂತ್ರಕ್ಕಾಗಿ ಸಂಸ್ಕೃತ ಬರೆಯುವ ಸಿದ್ಧಂ ಲಿಪಿ ಕಲಿತರು, ಅದರ ಜೊತೆ ಈ ಕ್ರಮವೂ ಜಪಾನಿಗೆ ಹೋಯಿತು. ಅಂಗನವಾಡಿಯಲ್ಲಿ ಕಲಿತದ್ದು ಇಷ್ಟು ದೂರ ಹೋಗಿ ಕೂತಿದೆ ಎಂದಾಗ ಹಿಂದಿನ ಬೆಂಚಿನವರು ಕೂಡ ಫೋನು ಕೆಳಗಿಟ್ಟರು.

ಎಲ್ಲವೂ ಹೊಂದುತ್ತದೆ ಅಂತಲ್ಲ. ಹೋದನು, ಹೋದಳು, ಹೋದರು, ಹೋಯಿತು ಎಲ್ಲಕ್ಕೂ ಅಲ್ಲಿ ಒಂದೇ ರೂಪ, ಇಕಿಮಾಶಿತಾ. "ಪರೀಕ್ಷೆಗೆ ಆರಾಮ" ಎಂದಳು ಒಬ್ಬಳು. ಆದರೆ ಉದ್ದದ ವಸ್ತು ಎಣಿಸಲು ಒಂದು ಬಗೆ, ಚಪ್ಪಟೆಯದಕ್ಕೆ ಇನ್ನೊಂದು, ಪ್ರಾಣಿಗಳಿಗೆ ಮತ್ತೊಂದು ಅಂದಾಗ ಆರಾಮ ಇಳಿಯಿತು. ಎರಡು ಜನ ಅನ್ನದೆ ಇಬ್ಬರು ಅನ್ನುವ ನಮಗೆ ಅದು ಪೂರ್ತಿ ಹೊಸದೇನಲ್ಲ ಎಂದು ಸಮಾಧಾನ ಹೇಳಿದೆ.

ನನಗೆ ಮಾತ್ರ ಹುಚ್ಚು ಹಿಡಿಸಿದ್ದು ಬೇರೆ. 'ಮಿರು' ಅಂದರೆ ನೋಡು. 'ತಾಬೆತೆ ಮಿರು' ಅಂದರೆ ತಿಂದು ನೋಡು. ಅದೇ ಅರ್ಥ, ರುಚಿ ನೋಡುವ ನೋಡು! 'ಒಕು' ಅಂದರೆ ಇಡು, 'ಕಾಯ್ತೆ ಒಕು' ಅಂದರೆ ಬರೆದಿಡು. ನಾವು ತಿಂದುಬಿಟ್ಟ ಅನ್ನುವಲ್ಲಿ ಅವರಿಗೂ ಒಂದು 'ಬಿಟ್ಟ' ಇದೆ. ಇಂಗ್ಲಿಷಿನಲ್ಲಿ ಒಂದು ಪುಟ ವಿವರಣೆ ಬೇಕಾಗುವ ಈ ಜಾಗಗಳಲ್ಲಿ ನಮ್ಮ ಮಕ್ಕಳಿಗೆ ಒಂದು ಸಾಲು ಸಾಕು. ಮಳೆಗೆ ಅವರಲ್ಲೂ ಜೋಡಿ ಮಾತುಗಳಿವೆ. ಸುರಿಯುವ ಮಳೆ ಝಾ ಝಾ, ಜಿಟಿಜಿಟಿ ಮಳೆ ಶಿತೊ ಶಿತೊ. ನಿಮ್ಮ ನಿಮ್ಮ ಮನೆಯ ಮಳೆಶಬ್ದ ಬರೆದುಕೊಂಡು ಬನ್ನಿ ಎಂದು ಮನೆಗೆಲಸ ಕೊಟ್ಟೆ. ಕೋಆರ್ಡಿನೇಟರ್ ಮನೆಗೆಲಸ ಕೊಡಬಹುದೇ ಗೊತ್ತಿಲ್ಲ. ಪುಣೆಯವರು ಮರಳಿ ಬಂದಾಗ ಬೋರ್ಡಿನ ತುಂಬ ಕನ್ನಡ. ಅವರಿಗೆ ಅದು ಕಾಣಲಿಲ್ಲ, ಕ್ಯಾಮೆರಾ ಗೋಡೆಯ ಕಡೆ ತಿರುಗಿತ್ತು.

ಈ ಸಂತೋಷದಲ್ಲೇ ಮನೆಗೆ ಬಂದುಬಿಡಬೇಕಿತ್ತು.

ಮೆಟ್ಟಿಲ ಹತ್ತಿರ ಕದ್ರಾ ಕಡೆಯ ಹುಡುಗಿ ಕಾದು ನಿಂತಿದ್ದಳು. ಬಿಎಸ್ಸಿ ಕೊನೆಯ ವರ್ಷ, ಮಾತು ಕಡಿಮೆ. ಅಪ್ಪ ಕೈಗಾದ ಅಣುಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾರೆ.

"ಮೇಡಂ, ಇದು ಮುಗಿದ್ರೆ ಕೈಗೊಗೆ ಹೋಗ್ಬಹುದಾ?"

"ಅಪ್ಪನ ಜೊತೆಗಾ? ಅಲ್ಲಿಗೆ ಜಪಾನಿ ಯಾಕೆ ಬೇಕು?"

"ಕೈಗಾ ಅಲ್ಲ ಮೇಡಂ, ಕೈಗೊ. ಜಪಾನಿನಲ್ಲಿ ಮುದುಕರನ್ನ ನೋಡ್ಕೊಳ್ಳೂ ಕೆಲಸ."

ನಾನು ನಕ್ಕೆ. ಅವಳು ನಗಲಿಲ್ಲ.

ಎಲ್ಲ ಓದಿಕೊಂಡು ಬಂದಿದ್ದಾಳೆ. ಹೋದ ತಿಂಗಳ ಕೊನೆಗೆ ಪ್ರಧಾನಿ ಟೋಕಿಯೊಕ್ಕೆ ಹೋದಾಗ, ಐದು ವರ್ಷದಲ್ಲಿ ಭಾರತದಿಂದ 50,000 ನುರಿತ ಕೆಲಸದವರು ಜಪಾನಿಗೆ ಹೋಗುವ ಮಾತಾಯಿತಲ್ಲ, ಆ ಪತ್ರಿಕೆಯ ತುಂಡನ್ನು ಮಡಚಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದಾಳೆ. ನಾನು ಗೊತ್ತಿದ್ದಷ್ಟು ಬಿಚ್ಚಿ ಹೇಳಿದೆ. ಮೂವತ್ತು ತಾಸಿನಲ್ಲಿ ಎರಡು ಲಿಪಿ ಕೂತು, ಹೆಸರು ಊರು ಹೇಳಲು ಬಂದರೆ ಅದೇ ದೊಡ್ಡದು. ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್‌5 ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ಎನ್‌4 ಅದರ ಮೇಲಿನದು. 180ಕ್ಕೆ 80 ಬಂದರೆ ಪಾಸು, ಆದರೆ ಕೇಳುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು. ಮಾತಾಡಿಸಿ ನೋಡುವ ಪರೀಕ್ಷೆಯೇ ಅದರಲ್ಲಿಲ್ಲ, ಹಾಗಾಗಿ ಪಾಸಾದವರಿಗೆಲ್ಲ ಮಾತು ಬರುತ್ತದೆ ಅಂದುಕೊಳ್ಳಬೇಡ. ಪರೀಕ್ಷೆ ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ. ಪಂಚಗಂಗಾ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರೆಯಬೇಕು. ಕೈಗೊ ಕೆಲಸಕ್ಕೆ ಎನ್‌4 ಮಟ್ಟದ ಭಾಷೆ ಬೇಕು, ಕೆಲಸದ ಪರೀಕ್ಷೆ ಬೇರೆ, ಆ ಕೆಲಸದ ಜಪಾನಿಗೇ ಇನ್ನೊಂದು ಪರೀಕ್ಷೆ. ಇಂಥ ಕೆಲಸದವರಿಗೆಂದು 2019ರಲ್ಲಿ ಶುರುವಾದ ವೀಸಾದ ಮೊದಲ ಹಂತದಲ್ಲಿ ಒಟ್ಟು ಐದು ವರ್ಷ ಇರಬಹುದು, ಮನೆಯವರನ್ನು ಕರೆದೊಯ್ಯುವ ಹಾಗಿಲ್ಲ.

"ಐದು ವರ್ಷ ಸಾಕು ಮೇಡಂ," ಎಂದಳು. "ತಮ್ಮನ ಡಿಪ್ಲೊಮಾ ಆಗ್ತದೆ, ಮನೆಗೆ ಸ್ಲ್ಯಾಬ್ ಹಾಕ್ಬಹುದು."

ಯಾರೋ ಏಜೆಂಟ್ ಅಪ್ಪನ ಹತ್ತಿರ ಮುಂಗಡ ಕೇಳಿದ್ದಾನಂತೆ. ಒಂದು ಪೈಸೆಯೂ ಕೊಡಬೇಡಿ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳುವಾಗ ನನ್ನ ದನಿ ನನಗೇ ಬೈಗುಳದ ಹಾಗೆ ಕೇಳಿಸಿತು.

ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು. ಚೀಲ ಹೆಗಲಿಗೆ ಹಾಕಿ "ಮೇಡಂ, ಇತ್ತೆಕಿಮಾಸು" ಎಂದಳು. ನಾನಿನ್ನೂ ಕ್ಲಾಸಿನಲ್ಲಿ ಹೇಳಿರದ ಮಾತು ಅದು, ಎಲ್ಲಿ ಕಲಿತಳೋ. ಇತ್ತೆ ಅಂದರೆ ಹೋಗಿ, ಕಿಮಾಸು ಅಂದರೆ ಬರುತ್ತೇನೆ. ಮನೆಯಿಂದ ಹೊರಡುವಾಗ ಬರಿಯ 'ಹೋಗ್ತೇನೆ' ಅನ್ನಬಾರದೆಂದು ನಮಗೆ ಚಿಕ್ಕಂದಿನಿಂದ ಬೈದು ಕಲಿಸಿದ್ದಾರಲ್ಲ, ಅದೇ ಮಾತನ್ನು ಜಪಾನಿನಲ್ಲಿ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳುತ್ತಾರೆ. ಒಳಗಿನವರು 'ಇತ್ತೆರಾಶ್ಶಾಯ್' ಅನ್ನಬೇಕು, ಹೋಗಿ ಬಾ. ನನಗೆ ತಕ್ಷಣ ಬಾಯಿಗೆ ಬರಲಿಲ್ಲ. "ಹ್ಞೂಂ, ಹುಷಾರು" ಎಂದೆ.

ಸಂಜೆ ಏಳಕ್ಕೆ ಆಯಿಯ, ಅಂದರೆ ಅಮ್ಮನ, ಫೋನು. ಶಿರಸಿಯಲ್ಲಿ ಮಳೆ ಬಿಡಲೇ ಇಲ್ಲವಂತೆ. ಮೇಲಿನ ತೋಟದಲ್ಲಿ ಅಡಿಕೆಗೆ ಕೊಳೆರೋಗ ಬಂದಿದೆ, ಮೈಲುತುತ್ತ ತಂದಿಟ್ಟು ಎಂಟು ದಿನ ಆಯಿತು, ಔಷಧಿ ಹೊಡೆಯಲು ಜನ ಇಲ್ಲ.

"ಕೊನೆಗೌಡ ಇನ್ನೂ ಬೈಂದ್ನಿಲ್ಲೆ. ನಾಳೆ ಬತ್ನಡ."

ಅಡಿಕೆ ಮರ ಹತ್ತುವ ಕೊನೆಗೌಡ ಇನ್ನೂ ಬಂದಿಲ್ಲ, ನಾಳೆ ಬರ್ತಾನಂತೆ. 'ಅಂತೆ' ಅನ್ನುವ ಈ 'ಅಡ' ಒಂದನ್ನು ಕ್ಲಾಸಿನಲ್ಲಿ ಹೇಳಬೇಕಿತ್ತು. ಯಾರೋ ಹೇಳಿದ್ದು, ತಾನು ಕಂಡದ್ದಲ್ಲ ಅನ್ನುವುದನ್ನು ವಾಕ್ಯದ ಬಾಲಕ್ಕೆ ಅಂಟಿಸುವ ಪದ್ಧತಿ ಜಪಾನಿಯಲ್ಲೂ ಇದೆ. ಇರಲಿ.

ಆಯಿಗೆ 81. ಕೇರಿಯಲ್ಲಿ ಒಂಬತ್ತು ಮನೆ. ದೀಪ ಹಚ್ಚುವ ಆರು ಮನೆಗಳಲ್ಲಿ ಎಲ್ಲ ಎಪ್ಪತ್ತು ದಾಟಿದವರೇ. ತಮ್ಮ ಬೆಂಗಳೂರಲ್ಲಿ, ನಾನು ಘಟ್ಟದ ಕೆಳಗೆ. ಇಲ್ಲಿಗೆ ಬಾ ಎಂದರೆ ಆಕಳನ್ನು ಯಾರು ನೋಡ್ತಾರೆ ಅನ್ನುತ್ತಾಳೆ. ಸುಮ್ಮನೆ ಮಾತು ಬೆಳೆಸಲು ಈ ಹುಡುಗಿಯ ವಿಷಯ ಹೇಳಿದೆ. ಜಪಾನಿನಲ್ಲಿ ನೂರಕ್ಕೆ 29 ಜನ ಅರವತ್ತೈದು ದಾಟಿದವರು, ನೋಡಿಕೊಳ್ಳಲು ಜನ ಸಾಲದು, ಅದಕ್ಕೆ ಇಲ್ಲಿನ ಮಕ್ಕಳು ಭಾಷೆ ಕಲಿತು ಹೋಗುತ್ತಾರೆ, ಆ ಭಾಷೆ ಕಲಿಸುವ ಉಸಾಬರಿ ನನ್ನದು.

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಲ್ಲಿನ ಮುದುಕ್ರಿಗೆ ಮಕ್ಕ ಇಲ್ಯನೇ?"

"ಇದ್ವಡ ಆಯಿ," ಎಂದೆ.

"ಹ್ಞಾಂ," ಎಂದಳು. ಆಮೇಲೆ ಸುಣ್ಣದ ರೇಟು ಹೇಳಿದಳು.

ವ್ಯಂಗ್ಯವಾಗಿ ಕೇಳಿದಳೋ, ನಿಜಕ್ಕೂ ಕೇಳಿದಳೋ ಅಂತ ಊಟ ಬಡಿಸುವಾಗಲೂ ಯೋಚಿಸುತ್ತಿದ್ದೆ. ಇವರನ್ನು ಕೇಳಿದರೆ "ನಿನ್ನ ಆಯಿ ವ್ಯಂಗ್ಯ ಮಾಡೋ ಪೈಕಿ ಅಲ್ಲ" ಎಂದರು. ಅದೇ ಕಷ್ಟ.

ಮುಂದಿನ ಶನಿವಾರ ದೇವಿಮನೆ ಘಟ್ಟ ಹತ್ತಿ ಹೋಗಿ ಬರಬೇಕು. ಎರಡು ದಿನ ರಜೆ ಸಿಕ್ಕರೆ ಆಯಿಯನ್ನು ಕಣ್ಣಿನ ಡಾಕ್ಟರಿಗೂ ತೋರಿಸಬಹುದು.

ಪುಣೆಯವರಿಗೆ ಮೇಲ್ ಬರೆದೆ: ವಾರದಲ್ಲಿ ಒಂದು ತಾಸು ಕನ್ನಡದಲ್ಲಿ ನಾನೇ ತೆಗೆದುಕೊಳ್ಳುತ್ತೇನೆ ಅಂತ. ಕಳಿಸಿಲ್ಲ, ಬೆಳಿಗ್ಗೆ ಇನ್ನೊಮ್ಮೆ ಓದಿ ಕಳಿಸುತ್ತೇನೆ. ಶುಕ್ರವಾರಕ್ಕೆ ಮೂವತ್ತೊಂದೂ ಹೆಸರನ್ನು ಕತಕಾನದಲ್ಲಿ ಬರೆದಿಡಬೇಕು. ಅರ್ಧ ಆಯಿತು. ಅವರಲ್ಲಿ ಲ ಇಲ್ಲ, ಳ ಅಂತೂ ಇಲ್ಲವೇ ಇಲ್ಲ, ಎಲ್ಲಕ್ಕೂ ರ. ಕದ್ರಾದ ಹುಡುಗಿಯ ಹೆಸರಿನಲ್ಲಿ ಎರಡು ಲ ಇವೆ. ಬರೆದು ಒಮ್ಮೆ ಗಟ್ಟಿಯಾಗಿ ಓದಿದೆ, ಬೇರೆ ಯಾರನ್ನೋ ಕರೆದ ಹಾಗಾಯಿತು. ಐದು ವರ್ಷ ಅಲ್ಲಿನ ಯಾವುದೋ ಮುದುಕಿ ಅವಳನ್ನು ಹೀಗೇ ಕರೆಯುತ್ತಾಳೆ, ಅವಳು ಓಗೊಡುತ್ತಾಳೆ, ಆಮೇಲೆ ಒಂದು ದಿನ ಕದ್ರಾದಲ್ಲಿ ಬಸ್ಸಿಳಿದಾಗ