ಬೂದಿಗೆ ಬೀಗ ಹಾಕಿದವರು

ಬಾಂಬು ಹೇಗೆ ಕಟ್ಟುತ್ತಾರೆ ಎಂಬುದನ್ನು ಗುಟ್ಟಾಗಿಡುವುದಕ್ಕೆ ಯಾರ ತಕರಾರೂ ಇಲ್ಲ. ಆದರೆ ಅದು ಸಿಡಿದ ಮೇಲೆ ಜನರ ತಲೆಯ ಮೇಲೆ ಉದುರಿದ ಬೂದಿಯಲ್ಲಿ ಏನಿದೆ ಎಂಬುದು? 1950ರ ದಶಕದಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗ ಎರಡನ್ನೂ ಒಂದೇ ಬೀರುವಿನಲ್ಲಿಟ್ಟು ಬೀಗ ಜಡಿಯಿತು.

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕದ ಹೈಡ್ರೋಜನ್ ಬಾಂಬು ‘ಕ್ಯಾಸಲ್ ಬ್ರಾವೊ’ ಸಿಡಿಯಿತು. ಅಂದಾಜು ಇದ್ದದ್ದು 6 ಮೆಗಾಟನ್ (ಒಂದು ಮೆಗಾಟನ್ ಎಂದರೆ ಹತ್ತು ಲಕ್ಷ ಟನ್ ಟಿಎನ್‌ಟಿ ಸಿಡಿಮದ್ದಿನ ಬಲ), ಆದದ್ದು 15. ಘೋಷಿತ ಅಪಾಯ ವಲಯದ ಹೊರಗಿದ್ದ ಜಪಾನಿನ ಮೀನುಗಾರಿಕೆ ದೋಣಿ ‘ಲಕ್ಕಿ ಡ್ರ್ಯಾಗನ್’ ಮೇಲೆ ಹವಳದ ಬಿಳಿ ಬೂದಿ ಸುರಿಯಿತು. ಇಪ್ಪತ್ಮೂರು ಮಂದಿ ಬಂದರಿಗೆ ಮರಳುವಷ್ಟರಲ್ಲಿ ಕಾಯಿಲೆ ಬಿದ್ದಿದ್ದರು. ವೈದ್ಯರು ಅಮೆರಿಕವನ್ನು ಕೇಳಿದ್ದು ಒಂದೇ ಪ್ರಶ್ನೆ: ಬೂದಿಯಲ್ಲಿ ಯಾವ ಯಾವ ಐಸೊಟೋಪುಗಳಿವೆ (ಯಾವ ಧಾತುವಿನ, ಯಾವ ತೂಕದ ಪರಮಾಣುಗಳಿವೆ)?

ಈ ಪ್ರಶ್ನೆಗೆ ಕಾರಣವಿದೆ. ಸ್ಟ್ರಾಂಷಿಯಂ ಮೂಳೆಗೆ ಹೋಗಿ ಕೂರುತ್ತದೆ, ಅಯೋಡಿನ್ ಥೈರಾಯ್ಡ್‌ಗೆ, ಸೀಸಿಯಂ ಸ್ನಾಯುಗಳಿಗೆ. ದೇಹದಿಂದ ಲೋಹವನ್ನು ಹೊರಹಾಕಿಸುವ ಔಷಧಗಳೂ ಎಲ್ಲ ಧಾತುಗಳ ಮೇಲೆ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಗೈಗರ್ ಕೌಂಟರ್ ಟಕಟಕ ಎಂದರೆ ವಿಕಿರಣ ಇದೆ ಎಂದಷ್ಟೇ ತಿಳಿಯುತ್ತದೆ, ಯಾವುದರದ್ದೆಂದು ತಿಳಿಯುವುದಿಲ್ಲ.

ಅಮೆರಿಕ ಪಟ್ಟಿ ಕೊಡಲಿಲ್ಲ. ಬೂದಿಯ ಸಂಯೋಜನೆ ತಿಳಿದರೆ ಬಾಂಬಿನ ವಿನ್ಯಾಸವೇ ಬಯಲಾಗುತ್ತದೆ ಎಂಬ ಭಯ. ಭಯವೇನೋ ನಿಜವೇ. ಹಗುರ ಪರಮಾಣು ಬೀಜಗಳು ಬೆಸೆಯುವ ಸಮ್ಮಿಲನದಿಂದ ಹೊಮ್ಮುವ ಅತಿವೇಗದ (14 ಎಂಇವಿ ಶಕ್ತಿಯ) ನ್ಯೂಟ್ರಾನು ಯುರೇನಿಯಂ-238ಕ್ಕೆ ಬಡಿದಾಗ ಕೆಲವೊಮ್ಮೆ ಎರಡು ನ್ಯೂಟ್ರಾನು ಹಾರಿ ಯುರೇನಿಯಂ-237 ಉಳಿಯುತ್ತದೆ. ಅದರ ಅರ್ಧಾಯು, ಎಂದರೆ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು 6.75 ದಿನ. ಬೂದಿಯಲ್ಲಿ ಅದು ಹೇರಳವಾಗಿ ಸಿಕ್ಕರೆ, ಬಾಂಬಿನ ಹೊರಕವಚ ಸಾಧಾರಣ ಯುರೇನಿಯಂನದ್ದು, ಸ್ಫೋಟದ ದೊಡ್ಡ ಪಾಲು ಅದರ ವಿದಳನದಿಂದಲೇ, ಎಂದರೆ ಬೀಜ ಒಡೆದದ್ದರಿಂದಲೇ, ಬಂತು ಎಂದು ಲೆಕ್ಕ ಹಾಕಬಹುದು.

ಗುಟ್ಟು ಉಳಿಯಿತೇ? ದೋಣಿಯ ಬೂದಿಯನ್ನು ಪರೀಕ್ಷಿಸಿದ ರಸಾಯನಶಾಸ್ತ್ರಜ್ಞ ಕೆಂಜಿರೊ ಕಿಮುರಾ ಅದರಲ್ಲಿ ಯುರೇನಿಯಂ-237 ಪತ್ತೆಮಾಡಿದರು. ಆ ಐಸೊಟೋಪನ್ನು 1940ರಲ್ಲಿ ಭೌತವಿಜ್ಞಾನಿ ಯೋಶಿಯೊ ನಿಶಿನಾ ಜೊತೆ ಮೊದಲು ಕಂಡುಹಿಡಿದವರಲ್ಲಿ ಅವರೂ ಒಬ್ಬರು! ಜಪಾನಿನ ಅಳತೆಗಳನ್ನು ನೋಡಿದ ಭೌತವಿಜ್ಞಾನಿ ಜೋಸೆಫ್ ರೋಟ್‌ಬ್ಲಾಟ್ ಬ್ರಿಟನ್ನಿನಲ್ಲಿ ಕೂತು ವಿದಳನ–ಸಮ್ಮಿಲನ–ವಿದಳನ ಎಂಬ ಮೂರು ಹಂತಗಳನ್ನು ಬಿಡಿಸಿ ಹೇಳಿದರು. ಧೂಳನ್ನು ಓದುವ ಈ ವಿದ್ಯೆ ಆಯೋಗಕ್ಕೆ ಹೊಸದೂ ಅಲ್ಲ. 1949ರ ಸೆಪ್ಟೆಂಬರಿನಲ್ಲಿ ಸೋವಿಯತ್ ಒಕ್ಕೂಟದ ಮೊದಲ ಬಾಂಬನ್ನು ಅಮೆರಿಕ ಪತ್ತೆಹಚ್ಚಿದ್ದು ವಿಮಾನಕ್ಕೆ ಸಿಕ್ಕಿಸಿದ ಫಿಲ್ಟರ್ ಕಾಗದದಿಂದಲೇ. ಪಟ್ಟಿ ಸಿಗದೆ ಉಳಿದವರು ಆಸ್ಪತ್ರೆಯವರು. ದೋಣಿಯ ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಹಾಗೆಂದು ಆಯೋಗ ಯಾರಿಗೂ ಏನೂ ಹೇಳುತ್ತಿರಲಿಲ್ಲ ಎಂದಲ್ಲ. ಜಗತ್ತಿನ ಮೊದಲ ಪರಮಾಣು ಬಾಂಬು ಸಿಡಿದ 1945ರ ಟ್ರಿನಿಟಿ ಪರೀಕ್ಷೆಯ ಧೂಳು ಇಂಡಿಯಾನಾದ ಕಾಗದ ಗಿರಣಿಯೊಂದರ ರಟ್ಟಿನಲ್ಲಿ ಸೇರಿ ಕೊಡಾಕ್ ಫಿಲಂ ಕೆಡಿಸಿತ್ತು. 1951ರಲ್ಲಿ ನೆವಾಡಾ ಪರೀಕ್ಷೆಗಳ ನಂತರ ಕಂಪನಿಯ ಊರಾದ ರಾಚೆಸ್ಟರ್‌ನಲ್ಲಿ ಬಿದ್ದ ಹಿಮದಲ್ಲೂ ವಿಕಿರಣ ಕಂಡಿತು. ಕಂಪನಿ ದೂರು ಕೊಟ್ಟಿತು. ಪರೀಕ್ಷೆಯ ಮಾಹಿತಿಯನ್ನು ಫೋಟೊ ಉದ್ಯಮಕ್ಕೆ ಮುಂಚಿತವಾಗಿ ಕೊಡಲು ಆಯೋಗ ಒಪ್ಪಿತು. ಹಾಲು ಕರೆಯುವವರಿಗೆ ಆ ಭಾಗ್ಯವಿರಲಿಲ್ಲ.

ಹಾಲಿನ ವಿಷಯದಲ್ಲಿ ಪರಿಹಾರ ಎಷ್ಟು ಸುಲಭವಿತ್ತು ಎಂಬುದೇ ಸಿಟ್ಟು ತರಿಸುತ್ತದೆ. ಹುಲ್ಲಿನ ಮೇಲೆ ಬಿದ್ದ ಅಯೋಡಿನ್-131 ಹಸುವಿನ ಮೂಲಕ ಒಂದೆರಡು ದಿನದಲ್ಲಿ ಹಾಲಿಗೆ ಬರುತ್ತದೆ. ಮಗುವಿನ ಥೈರಾಯ್ಡ್ ಚಿಕ್ಕದು. ಅಷ್ಟೇ ಅಯೋಡಿನ್ ಸೇರಿದರೂ ಅಲ್ಲಿ ಡೋಸ್ ಹಲವು ಪಟ್ಟು. ಆದರೆ ಇದರ ಅರ್ಧಾಯು ಬರೀ 8 ದಿನ. ಹಸುವಿಗೆ ಕೊಟ್ಟಿಗೆಯಲ್ಲೇ ಹಳೆಯ ಒಣಹುಲ್ಲು ಹಾಕಿದ್ದರೆ, ಕರೆದ ಹಾಲನ್ನು ಪುಡಿ ಅಥವಾ ಚೀಸ್ ಮಾಡಿ 80 ದಿನ ಇಟ್ಟಿದ್ದರೆ ವಿಕಿರಣ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತಿತ್ತು. ಅದಕ್ಕೆ ಬೇಕಿದ್ದದ್ದು ಸ್ಫೋಟದ ದಿನ ಮತ್ತು ಮೋಡ ಸಾಗಿದ ದಿಕ್ಕು, ಅಷ್ಟೇ. ದೇಶದ ಯಾವ ಭಾಗದಲ್ಲಿ ಎಷ್ಟು ಡೋಸ್ ಬಿತ್ತು ಎಂದು ಅಂದಾಜಿಸಲು ಸಂಸತ್ತು ಆದೇಶಿಸಿದ್ದು 1983ರಲ್ಲಿ; ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವರದಿ ಹೊರಬಂದದ್ದು 1997ರಲ್ಲಿ.

ನ್ಯಾಯಾಲಯಕ್ಕೂ ಇದೇ ಗತಿ. 1953ರ ಪರೀಕ್ಷೆಗಳ ಬಳಿಕ ಯೂಟಾ ಮತ್ತು ನೆವಾಡಾದಲ್ಲಿ ಸಾವಿರಾರು ಕುರಿಗಳು ಸತ್ತವು. ವಿಕಿರಣವೇ ಕಾರಣವೆಂದು ಸಾಬೀತಾಗಿಲ್ಲ ಎಂದು 1956ರಲ್ಲಿ ಕುರಿಗಾರರು ಸೋತರು. ಸರ್ಕಾರ ಮಾಹಿತಿ ಮುಚ್ಚಿಟ್ಟು ನ್ಯಾಯಾಲಯವನ್ನೇ ವಂಚಿಸಿತು ಎಂದು 1982ರಲ್ಲಿ ಅದೇ ನ್ಯಾಯಾಧೀಶರು ಹೇಳಿದರು. ಮೇಲ್ಮನವಿಯಲ್ಲಿ ಆ ತೀರ್ಪು ನಿಲ್ಲಲಿಲ್ಲ.

ಬ್ರಾವೊ ಬೂದಿ ಸುಮಾರು 7,000 ಚದರ ಮೈಲಿ ಹರಡಿತ್ತು ಎಂದು ಆಯೋಗ ಒಪ್ಪಿಕೊಂಡದ್ದು 1955ರ ಫೆಬ್ರವರಿ 15ರಂದು. ಸ್ಫೋಟವಾಗಿ ಹನ್ನೊಂದು ತಿಂಗಳು ಕಳೆದಿತ್ತು. ಪರೀಕ್ಷೆಗಳಲ್ಲಿ ಭಾಗವಹಿಸಿದ ಅಮೆರಿಕನ್ ಸೈನಿಕರ ಬಾಯಿಗೆ ಹಾಕಿದ್ದ ಬೀಗವಂತೂ ಇನ್ನಷ್ಟು ಗಟ್ಟಿಯಾಗಿತ್ತು. ತಾವು ಎಲ್ಲಿದ್ದೆವು, ಏನು ಕಂಡೆವು ಎಂದು ತಮ್ಮ ವೈದ್ಯರಿಗೂ ಹೇಳಲು ಅಡ್ಡಿಯಾಗಿದ್ದ ಗೋಪ್ಯತೆಯ ಕಾನೂನು ರದ್ದಾದದ್ದು 1996ರಲ್ಲಿ, ಅಮೆರಿಕ ತನ್ನ ಕೊನೆಯ ಪರೀಕ್ಷೆ ಮುಗಿಸಿ ನಾಲ್ಕು ವರ್ಷವಾದ ಮೇಲೆ.