ಸೂರ್ಯನಿಗೆ ಬೆನ್ನು ಹಾಕಿ ನೋಡಿದ ಸೂರ್ಯಾಸ್ತ

ಹವಾಯಿಯ ಕವಾಯಿ ದ್ವೀಪದಲ್ಲಿ ರಸ್ತೆ ಪೂರ್ತಿ ಒಂದು ಸುತ್ತು ಹಾಕುವುದಿಲ್ಲ. ಉತ್ತರದ ಕಡೆಯಿಂದ ಹೋದರೆ ಕೇಏ ಬೀಚಿನ ಹತ್ತಿರ ನಿಂತುಹೋಗುತ್ತದೆ. ಪಶ್ಚಿಮದಿಂದ ಬಂದರೆ ಪೊಲಿಹಾಲೆಯ ಮರಳಿನಲ್ಲಿ ಮುಗಿಯುತ್ತದೆ. ನಡುವೆ ಉಳಿಯುವ ಸುಮಾರು 25 ಕಿ.ಮೀ. ಕರಾವಳಿಯೇ ನಾ ಪಲಿ. ಅಲ್ಲಿ ಬೆಟ್ಟ ಸೀದಾ ಸಮುದ್ರಕ್ಕೆ ಇಳಿದುಬಿಟ್ಟಿದೆ, ಕೆಲವು ಕಡೆ 1,200 ಮೀಟರ್ ಎತ್ತರದಿಂದ. ಗಾಡಿ ಹೋಗುವ ಮಾತೇ ಇಲ್ಲ. ನೋಡಬೇಕು ಅಂದರೆ ಹೆಲಿಕಾಪ್ಟರ್ ಹತ್ತಬೇಕು, ಇಲ್ಲಾ ಹೆಚ್ಚುಕಮ್ಮಿ 18 ಕಿ.ಮೀ. ಕಾಲುದಾರಿ ಹಿಡಿಯಬೇಕು, ಇಲ್ಲಾ ದೋಣಿ. ಹೆಲಿಕಾಪ್ಟರಿಗೆ ಅಮ್ಮ ಒಪ್ಪಲಿಲ್ಲ. ಕಾಲುದಾರಿಗೆ ಅಪ್ಪನ ಮಂಡಿ ಒಪ್ಪಲಿಲ್ಲ. ದೋಣಿ ಉಳಿಯಿತು.

ತೀರ್ಥಹಳ್ಳಿ ಕಡೆಯವರು ಅವರು. ಬೇಸಿಗೆ ಕಳೆಯಲು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದರು. ಅಮೆರಿಕಕ್ಕೆ ಬಂದ ಅಪ್ಪ-ಅಮ್ಮನಿಗೆ ಎಲ್ಲರೂ ನಯಾಗರಾ ತೋರಿಸುತ್ತಾರೆ. ಜೋಗ ನೋಡಿ ಬೆಳೆದವರಿಗೆ ಮತ್ತೊಂದು ಜಲಪಾತ ಯಾಕೆ ಅಂತ ನಾವು ಈ ಕಡೆ ಹೊರಟೆವು.

ದೋಣಿ ಬೆಳಿಗ್ಗೆಯೂ ಇದೆ, ಸಂಜೆಯೂ ಇದೆ. ಬೆಳಗಿನ ಟ್ರಿಪ್‌ನಲ್ಲಿ ನೀರಿಗಿಳಿದು ಮೀನು ನೋಡಿಸುತ್ತಾರೆ, ಸಂಜೆಯದರಲ್ಲಿ ಊಟ ಹಾಕುತ್ತಾರೆ. ಆದರೆ ನಿಜವಾದ ವ್ಯತ್ಯಾಸ ಬೇರೆ. ನಾ ಪಲಿ ವಾಯವ್ಯಕ್ಕೆ ಮುಖ ಮಾಡಿ ನಿಂತ ಬೆಟ್ಟ. ಬೆಳಿಗ್ಗೆ ಸೂರ್ಯ ಅದರ ಬೆನ್ನ ಹಿಂದೆ ಇರುತ್ತಾನೆ, ಹಾಗಾಗಿ ಇಡೀ ಬಂಡೆ ನೆರಳಲ್ಲಿ ಕಪ್ಪಗೆ ಕಾಣುತ್ತದೆ. ಬೇಸಿಗೆಯ ಸಂಜೆ ಸೂರ್ಯನೂ ವಾಯವ್ಯದ ಕಡೆಗೇ ಇಳಿಯುತ್ತಾನೆ. ಬಿಸಿಲು ನೇರ ಬೆಟ್ಟದ ಮುಖಕ್ಕೆ ಬೀಳುತ್ತದೆ. ಇದು ಗೊತ್ತಿದ್ದರೆ ಯಾವ ಟಿಕೆಟ್ ತಗೋಬೇಕು ಅಂತ ಯೋಚಿಸುವುದೇ ಬೇಡ.

ದೋಣಿ ಹೊರಡುವುದು ದ್ವೀಪದ ದಕ್ಷಿಣದ ಪೋರ್ಟ್ ಆಲನ್ ಬಂದರಿನಿಂದ. ದಾರಿಯ ಎರಡೂ ಬದಿ ಕಾಫಿ ತೋಟ. ಮೊದಲು ಇಲ್ಲೆಲ್ಲ ಕಬ್ಬು ಇತ್ತು. ಹವಾಯಿಯ ಮೊದಲ ದೊಡ್ಡ ಕಬ್ಬಿನ ತೋಟ 1835ರಲ್ಲಿ ಶುರುವಾಗಿದ್ದು ಇದೇ ದ್ವೀಪದ ಕೊಲೋವದಲ್ಲಿ. ಕಬ್ಬಿನ ಕಾಲ ಮುಗಿದ ಮೇಲೆ ಒಂದಷ್ಟು ಜಮೀನಿಗೆ ಕಾಫಿ ಬಂತು. ಅಪ್ಪ ಕಾರಿನ ಕಿಟಕಿಯಿಂದ ನೋಡುತ್ತಲೇ ಇದ್ದರು. ಮರದ ನೆರಳಿಲ್ಲ, ಮೆಣಸಿನ ಬಳ್ಳಿ ಇಲ್ಲ. ಬಟಾಬಯಲಿನಲ್ಲಿ ಸಾಲಾಗಿ ನಿಂತ ಗಿಡ, ಕೊಯ್ಲಿಗೆ ಮಷೀನು. "ಇದೂ ಒಂದು ತೋಟವೇನೋ?" ಅಂದರು. ಬಂದರಿನಲ್ಲಿ ಆ ಕಾಫಿಯನ್ನೇ ಕುಡಿದರು, ಎರಡನೇ ಲೋಟವನ್ನೂ ತರಿಸಿದರು. ನಾನು ಏನೂ ಹೇಳಲಿಲ್ಲ.

ಇಲ್ಲಿ ಕೋಳಿಗಳದ್ದೂ ಒಂದು ಕಥೆ. ಪಾರ್ಕಿಂಗ್ ಜಾಗದಲ್ಲಿ, ಕಡಲ ದಂಡೆಯಲ್ಲಿ, ಏರ್‌ಪೋರ್ಟ್ ಬಾಗಿಲಲ್ಲಿ, ಎಲ್ಲೆಲ್ಲೂ ಹುಂಜಗಳು. 1992ರ ಇನಿಕಿ ಚಂಡಮಾರುತದಲ್ಲಿ ಗೂಡು ಹಾರಿಹೋಗಿ ತಪ್ಪಿಸಿಕೊಂಡ ಕೋಳಿಗಳ ಸಂತಾನ ಅಂತ ಊರವರು ಹೇಳುತ್ತಾರೆ. ಯಾರೂ ಹಿಡಿಯುವುದಿಲ್ಲ. ಹಗಲು ರಾತ್ರಿ ಅನ್ನದೆ ಕೂಗುತ್ತವೆ.

ನಮ್ಮದು ಎರಡು ಹೊಟ್ಟೆಯ ದೊಡ್ಡ ಕ್ಯಾಟಮರಾನ್ ದೋಣಿ. ಹತ್ತುವ ಮೊದಲು ಎಲ್ಲರ ಚಪ್ಪಲಿ ಒಂದು ಬುಟ್ಟಿಗೆ ಹಾಕಿಸಿಕೊಂಡರು. ಅಮ್ಮನಿಗೆ ಖುಷಿಯೋ ಖುಷಿ. ಮಧ್ಯಾಹ್ನ ಮೂರರ ಹೊತ್ತಿಗೆ ಹೊರಟೆವು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಇಲ್ಲಿ ವರ್ಷದ ಹೆಚ್ಚಿನ ಕಾಲ ಈಶಾನ್ಯದ ಗಾಳಿಯೇ. ಪಶ್ಚಿಮಕ್ಕೆ ಹೋಗುವಾಗ ಅದು ದೂಡುತ್ತದೆ, ಸಲೀಸಾಗಿ ಸಾಗುತ್ತದೆ. ಬರುವಾಗಿನ ಕಥೆ ಆಮೇಲೆ.

ಮೊದಲ ಒಂದು ಗಂಟೆ ನೋಡಲು ಅಂಥದ್ದೇನಿಲ್ಲ. ಬಲಗಡೆ ಕೆಂಪು ಮಣ್ಣಿನ ಒಣ ನೆಲ. 1778ರ ಜನವರಿಯಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಹವಾಯಿಯಲ್ಲಿ ಮೊದಲು ಕಾಲಿಟ್ಟ ವೈಮೆಯ ಊರು ಹಾದುಹೋಯಿತು. ಆಮೇಲೆ ಅಮೆರಿಕದ ನೌಕಾಪಡೆಯವರು ಕ್ಷಿಪಣಿ ಪರೀಕ್ಷೆ ಮಾಡುವ ಜಾಗ, ಬೇಲಿ, ಆಂಟೆನಾ. ಎಡಗಡೆ ದೂರದಲ್ಲಿ ನೀಹಾವ್ ದ್ವೀಪ ಮಬ್ಬಾಗಿ ಕಾಣುತ್ತಿತ್ತು. ಅದು ಒಂದು ಕುಟುಂಬದ ಸ್ವಂತ ಆಸ್ತಿ. 1864ರಲ್ಲಿ ಎಲಿಜಬೆತ್ ಸಿಂಕ್ಲೇರ್ ಎಂಬಾಕೆ ಹವಾಯಿಯ ರಾಜನಿಂದ 10,000 ಡಾಲರಿಗೆ ಕೊಂಡುಕೊಂಡಳು. ಈಗಲೂ ಅವಳ ವಂಶದವರ ಕೈಯಲ್ಲೇ ಇದೆ. ಕರೆಯದೆ ಯಾರೂ ಹೋಗುವ ಹಾಗಿಲ್ಲ. ಇಡೀ ದ್ವೀಪವನ್ನು ಜನರ ಸಮೇತ ಮಾರಿದ್ದು ಕೇಳಿ ಅಪ್ಪ "ಪಹಣಿ ಯಾರ ಹೆಸರಲ್ಲಿತ್ತಂತೆ?" ಅಂತ ಕೇಳಿದರು. ನಕ್ಕೆವು. ಆದರೆ ಪ್ರಶ್ನೆ ಸರಿಯಾದದ್ದೇ.

ಡಾಲ್ಫಿನ್‌ಗಳು ಬಂದವು. ಗಾಳಿಯಲ್ಲಿ ಗಿರಗಿರ ತಿರುಗಿ ಬೀಳುವ ಜಾತಿಯವು. ಹಗಲಿನಲ್ಲಿ ದಡದ ಹತ್ತಿರ ನಿದ್ದೆ ಮಾಡುವ ಪ್ರಾಣಿ ಅದು, ರಾತ್ರಿ ಆಳಕ್ಕೆ ಹೋಗಿ ಬೇಟೆಯಾಡುತ್ತದೆ. ದೋಣಿಗಳ ಕಾಟದಿಂದ ನಿದ್ದೆ ಕೆಡುತ್ತದೆ ಅಂತ 2021ರಿಂದ 50 ಗಜದೊಳಗೆ ಹೋಗಬಾರದು ಅನ್ನುವ ನಿಯಮ ಇದೆ. ನಮ್ಮ ಕ್ಯಾಪ್ಟನ್ ವೇಗ ಇಳಿಸಿ ದೂರ ಸರಿದ. ಅವೇ ಒಂದೆರಡು ನಮ್ಮ ಕಡೆಗೆ ಬಂದವು, ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ?

ಪೊಲಿಹಾಲೆಯ ಉದ್ದನೆಯ ಮರಳು ಮುಗಿಯುವ ಜಾಗದಲ್ಲಿ ಬೆಟ್ಟ ಏಳುತ್ತದೆ. ಮೊದಲಿನ ಬೆಟ್ಟಗಳು ಕಂದು, ಬೋಳು, ಅಲ್ಲಲ್ಲಿ ಕುರುಚಲು. ಒಂದೊಂದು ಕಣಿವೆ ದಾಟಿದ ಹಾಗೂ ಹಸಿರು ಏರುತ್ತಾ ಹೋಗುತ್ತದೆ. ಮಿಲೋಲಿ ಹತ್ತಿರ ಇನ್ನೂ ಒಣಕಲು, ಕಲಲಾವ್ ಮುಟ್ಟುವ ಹೊತ್ತಿಗೆ ಕಡು ಹಸಿರು. ದ್ವೀಪದ ನಡುವೆ ವಾಯಲೇಲೆ ಶಿಖರ ಇದೆ. ಭೂಮಿಯ ಮೇಲೆ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಅದೂ ಒಂದು. ವರ್ಷಕ್ಕೆ ಸರಾಸರಿ 9,500 ಮಿ.ಮೀ.ಗೂ ಜಾಸ್ತಿ. ಆಗುಂಬೆಯಲ್ಲಿ ಏಳು ಸಾವಿರ ಚಿಲ್ಲರೆ. ಗಾಳಿ ಹೊತ್ತು ತಂದ ನೀರೆಲ್ಲ ಉತ್ತರ-ಪೂರ್ವಕ್ಕೆ ಮತ್ತು ಶಿಖರಕ್ಕೆ ಸುರಿದು, ಪಶ್ಚಿಮಕ್ಕೆ ಬರುವಷ್ಟರಲ್ಲಿ ಮೋಡ ಖಾಲಿ. 2018ರ ಏಪ್ರಿಲ್‌ನಲ್ಲಿ ಉತ್ತರ ತೀರದ ವೈಪಾದಲ್ಲಿ 24 ಗಂಟೆಯಲ್ಲಿ 1,262 ಮಿ.ಮೀ. ಬಿದ್ದಿತ್ತು. ಅದು ಅಮೆರಿಕದ ದಾಖಲೆ. ಗುಡ್ಡ ಕುಸಿದು ಕೇಏ ಕಡೆಯ ರಸ್ತೆ ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಆಗುಂಬೆಯ ಮಳೆಯನ್ನು ಊರಿನ ಆಸ್ತಿ ಅಂದುಕೊಂಡಿದ್ದ ಅಮ್ಮನಿಗೆ ಈ ಲೆಕ್ಕ ಅಷ್ಟು ಹಿಡಿಸಲಿಲ್ಲ.

ಕವಾಯಿ ಸುಮಾರು 50 ಲಕ್ಷ ವರ್ಷ ಹಳೆಯ ಜ್ವಾಲಾಮುಖಿ. ಹವಾಯಿಯ ಮುಖ್ಯ ದ್ವೀಪಗಳಲ್ಲಿ ಹಿರಿಯರ ಸಾಲಿನದ್ದು. ಬೆಂಕಿ ಯಾವತ್ತೋ ಆರಿದೆ, ಈಗ ನಡೆಯುತ್ತಿರುವುದು ಕೊರೆತ ಮಾತ್ರ. ಮೇಲಿನಿಂದ ಮಳೆ, ಕೆಳಗಿನಿಂದ ಅಲೆ. ಹತ್ತಿರ ಹೋದಾಗ ಬಂಡೆಯಲ್ಲಿ ಲಾವಾದ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಅವನ್ನು ಸೀಳಿಕೊಂಡು ನೆಟ್ಟಗೆ ಮೇಲೇಳುವ ಗಟ್ಟಿ ಕಲ್ಲಿನ ಗೆರೆಗಳೂ ಇವೆ. ಬಿರುಕಿನಲ್ಲಿ ಏರಿ ಬಂದ ಲಾವಾ ಅಲ್ಲೇ ಗಟ್ಟಿಯಾದ ಗುರುತು ಅವು. ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, "ಈ ಕಲ್ಲಲ್ಲಿ ನಮ್ಮ ಥರ ಕೆತ್ತನೆ ಕಷ್ಟ" ಅಂದರು. ಆ ಮಾತಿಗೆ ಕಾರಣ ಇತ್ತು. ಇದೇ ದ್ವೀಪದ ಪೂರ್ವಕ್ಕೆ ಹಿಂದೂ ಮಠವೊಂದಿದೆ, ಅಲ್ಲಿ ಇರೈವನ್ ದೇವಸ್ಥಾನ. ಅದರ ಬಿಳಿ ಗ್ರಾನೈಟನ್ನು ಬೆಂಗಳೂರಿನ ಹತ್ತಿರದ ಹಳ್ಳಿಯಲ್ಲಿ ಕೈ ಉಳಿಯಿಂದಲೇ ಕೆತ್ತಿ, ಹಡಗಿನಲ್ಲಿ ತಂದು ಜೋಡಿಸಿದ್ದಾರೆ. ಕುಂಭಾಭಿಷೇಕ ಆಗಿದ್ದು 2023ರಲ್ಲಿ. ಅದನ್ನು ನೋಡಿ ಬಂದ ಮೇಲೆ ಅಪ್ಪ ಯಾವ ಕಲ್ಲು ಕಂಡರೂ ಉಳಿಯ ಲೆಕ್ಕದಲ್ಲೇ ನೋಡುತ್ತಿದ್ದರು.

ಈ ಕಣಿವೆಗಳಲ್ಲಿ ಜನ ಇದ್ದರು. ಬರೀ ಬಂದು ಹೋಗುವವರಲ್ಲ, ನೂರಾರು ವರ್ಷ ಮನೆ ಮಾಡಿಕೊಂಡು ಇದ್ದವರು. ತೊರೆಯ ನೀರು ತಿರುಗಿಸಿ, ಕಲ್ಲು ಕಟ್ಟಿ ಮೆಟ್ಟಿಲು ಗದ್ದೆ ಮಾಡಿ ಕೆಸು ಬೆಳೆಯುತ್ತಿದ್ದರು. ಹೌದು, ನಮ್ಮ ಪತ್ರೊಡೆಯ ಕೆಸುವೇ. ಇಲ್ಲಿಯವರಿಗೆ ಗೆಡ್ಡೆ ಮುಖ್ಯ. ಬೇಯಿಸಿ, ಜಜ್ಜಿ, ಪೋಯ್ ಎಂಬ ಹಿಟ್ಟು ಮಾಡಿ ತಿನ್ನುತ್ತಾರೆ. ಅನ್ನದ ಜಾಗ ಅದಕ್ಕೆ. ದೋಣಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳ ಮನೆಯವರಿಗೆ ಹನಲೇ ಕಡೆ ಕೆಸುವಿನ ಗದ್ದೆ ಇದೆಯಂತೆ. ಅಮ್ಮ ನನ್ನ ತೋಳು ಹಿಡಿದು ಎಳೆದರು.

"ಕೇಳೋ ಅವಳನ್ನ, ಗಂಟಲು ತುರಿಸಲ್ವಾ ಅಂತ."

ಕೇಳಿದೆ. ಹುಡುಗಿ ಜೋರಾಗಿ ನಕ್ಕು, ಸರಿಯಾಗಿ ಬೇಯದಿದ್ದರೆ ಖಂಡಿತ ತುರಿಸುತ್ತದೆ, ಅದಕ್ಕೇ ಗಂಟೆಗಟ್ಟಲೆ ಬೇಯಿಸುತ್ತೇವೆ ಅಂದಳು. ಅಜ್ಜಿಯ ಕೈಯಲ್ಲಿ ಬೈಸಿಕೊಂಡದ್ದನ್ನೂ ಹೇಳಿದಳು.

"ಒಂದು ಮುಷ್ಟಿ ಹುಣಸೆಹಣ್ಣು ಹಾಕಿದ್ರೆ ಆಯ್ತಪ್ಪ, ಹೇಳು."

ಅದನ್ನೂ ಹೇಳಿದೆ. ಅವಳು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಆಮೇಲೆ ದೋಣಿ ತಿರುಗುವವರೆಗೂ ಅಮ್ಮನ ಪಕ್ಕವೇ ನಿಂತಿದ್ದಳು. ನುವಲೊಲೊ ಹತ್ತಿರ ಬೆಟ್ಟದ ತುದಿ ತೋರಿಸಿ, ಹಬ್ಬದ ರಾತ್ರಿ ಅಲ್ಲಿಂದ ಉರಿಯುವ ಕೊರಡು ಎಸೆಯುತ್ತಿದ್ದರು ಅಂತ ಹೇಳಿದ್ದೂ ಅವಳೇ. ತೀರಾ ಹಗುರ ಮರ, ಚೆನ್ನಾಗಿ ಒಣಗಿಸಿದ್ದು. ಬಂಡೆಗೆ ಬಡಿದು ಮೇಲೇಳುವ ಗಾಳಿ ಅದನ್ನು ಎತ್ತಿಕೊಂಡು ಕಡಲ ಮೇಲೆ ದೂರದವರೆಗೆ ತೇಲಿಸುತ್ತಿತ್ತಂತೆ. ಕೆಳಗೆ ದೋಣಿಗಳಲ್ಲಿ ಜನ ಕಿಡಿ ಹಿಡಿಯಲು ಕಾಯುತ್ತಿದ್ದರಂತೆ.

ಹೊನೊಪುವಿನಲ್ಲಿ ಬಂಡೆಯೇ ದೊಡ್ಡ ಕಮಾನಾಗಿದೆ. ದೋಣಿ ದಡಕ್ಕೆ ಹಚ್ಚುವಂತಿಲ್ಲ, ಈಜಿ ಬೇಕಾದರೆ ಹೋಗಬಹುದು. ಎಲ್ಲರೂ ಫೋಟೊ ತೆಗೆದರು.

ಕಲಲಾವ್‌ನದ್ದು ಬೇರೆಯದೇ ತೂಕ. ಆ ಕರಾವಳಿಯಲ್ಲೇ ದೊಡ್ಡ ಕಣಿವೆ ಅದು. ಗರಗಸದ ಹಲ್ಲಿನಂಥ ಗೋಡೆಗಳ ನಡುವೆ ಹಸಿರು ಒಳಗೊಳಗೆ ಹೋಗುತ್ತದೆ. 1893ರಲ್ಲಿ ಕೂಲಾವ್ ಎಂಬ ದನಗಾಹಿ ಹೆಂಡತಿ ಪೀಲಾನಿ ಮತ್ತು ಸಣ್ಣ ಮಗನ ಜೊತೆ ಇಲ್ಲಿ ಅಡಗಿದ್ದ. ಕೂಲಾವ್‌ಗೂ ಮಗನಿಗೂ ಕುಷ್ಠ. ಆಗಿನ ಕಾನೂನಿನ ಪ್ರಕಾರ ಕುಷ್ಠ ಬಂದವರನ್ನು ಮೊಲೊಕಾಯಿ ದ್ವೀಪದ ಕಲವುಪಾಪಕ್ಕೆ ಸಾಗಿಸುತ್ತಿದ್ದರು, ಹೋದವರು ತಿರುಗಿ ಬರುತ್ತಿರಲಿಲ್ಲ. ಹೆಂಡತಿಯನ್ನು ಬಿಟ್ಟು ಹೋಗಬೇಕು ಅಂದಿದ್ದಕ್ಕೆ ಅವನು ಒಪ್ಪಲಿಲ್ಲ. ಅದೇ ವರ್ಷ ಜನವರಿಯಲ್ಲಿ ಹವಾಯಿಯ ರಾಣಿ ಲಿಲಿಯೊಕಲಾನಿಯನ್ನು ಇಳಿಸಿ ಹೊಸ ಸರ್ಕಾರ ಬಂದಿತ್ತು. ಹಿಡಿಯಲು ಬಂದ ಉಪ ಶೆರಿಫನನ್ನು ಕೂಲಾವ್ ಗುಂಡು ಹೊಡೆದು ಕೊಂದ. ಸರ್ಕಾರ ಹಡಗಿನಲ್ಲಿ ಸೈನಿಕರನ್ನೂ ತೋಪನ್ನೂ ಕಳಿಸಿತು. ಒಬ್ಬನ ಮೇಲೆ ತೋಪು! ಸೈನಿಕರು ಸತ್ತರು, ಅವನು ಸಿಗಲಿಲ್ಲ, ಕೊನೆಗೆ ಸೈನ್ಯ ವಾಪಸ್ ಹೋಯಿತು. ಕಣಿವೆಯಲ್ಲಿ ಆ ಮೂವರೂ ಬದುಕಿದರು. ಮೊದಲು ಮಗ ಹೋದ, ಆಮೇಲೆ ಕೂಲಾವ್. ಇಬ್ಬರನ್ನೂ ಪೀಲಾನಿಯೇ ಮಣ್ಣು ಮಾಡಿ, ಬೆಟ್ಟ ಹತ್ತಿ ಊರಿಗೆ ನಡೆದು ಬಂದಳು.

"ಅವಳಿಗೆ ಕಾಯಿಲೆ ಅಂಟಲಿಲ್ವಾ?" ಅಪ್ಪ ಕೇಳಿದರು.

"ಇಲ್ಲ ಅಪ್ಪ."

"ಅಷ್ಟು ವರ್ಷ ಜೊತೆಗಿದ್ದೂ?"

ದೋಣಿಯ ಮೈಕಿನಲ್ಲಿ ಈ ಕಥೆಗೆ ಸಿಕ್ಕಿದ್ದು ಎರಡೇ ಸಾಲು. ಡಾಲ್ಫಿನ್‌ಗೆ ಹತ್ತು ನಿಮಿಷ ಕೊಟ್ಟಿದ್ದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಇಂಥ ಜಾಗವನ್ನು 'ಯಾರೂ ಮುಟ್ಟದ ಪ್ರಕೃತಿ' ಅಂತ ಮಾರುವುದು ಸುಲಭ. ಕೆಸು ಬೆಳೆದವರು, ಕೊರಡು ಎಸೆದವರು, ಇಲ್ಲೇ ಸತ್ತವರು ಲೆಕ್ಕಕ್ಕೆ ಬರುವುದಿಲ್ಲ. 20ನೇ ಶತಮಾನ ಶುರುವಾದ ಮೇಲೂ ಇಲ್ಲಿ ಕೆಲವು ಮನೆಗಳಲ್ಲಿ ಒಲೆ ಉರಿಯುತ್ತಿತ್ತು.

ಕಲಲಾವ್‌ನಿಂದ ದೋಣಿ ತಿರುಗಿತು. ಏಳು ದಾಟಿತ್ತು. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಏಳೂಕಾಲು ಕಳೆದ ಮೇಲೆ. ಎಲ್ಲರೂ ಪಶ್ಚಿಮದ ಕಡೆಯ ಕಂಬಿಗೆ ಬಂದು ನಿಂತರು. ಕೊನೆಯ ಚೂರು ಮುಳುಗುವಾಗ ಒಂದು ಕ್ಷಣ ಹಸಿರು ಮಿಂಚು ಕಾಣಬಹುದು ಅಂತ ಕ್ಯಾಪ್ಟನ್ ಆಸೆ ಹುಟ್ಟಿಸಿದ್ದ. ಸೂರ್ಯ ಚೆನ್ನಾಗೇ ಇದ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಲ್ಪೆಯಲ್ಲೂ ಅವನೇ, ಗೋಕರ್ಣದಲ್ಲೂ ಅವನೇ. ನಾನು ಖಾಲಿಯಾದ ಎಡಗಡೆಗೆ ಹೋದೆ. ಬೆಟ್ಟದ ಬುಡದಲ್ಲಿ ಆಗಲೇ ನೀಲಿ ನೆರಳು. ಅದರ ಮೇಲೆ ಕೆಂಪು ಮಣ್ಣು ಹೊತ್ತಿಕೊಂಡಂತೆ ಇತ್ತು. ಹಗಲು ಸಪಾಟಾಗಿ ಕಂಡ ಬಂಡೆಯಲ್ಲಿ ಈಗ ಒಂದೊಂದು ಕೊರಕಲೂ, ಒಂದೊಂದು ದಿಂಡೂ ಬೇರೆ ಬೇರೆಯಾಗಿ ಎದ್ದು ನಿಂತಿತ್ತು. ಉದ್ದ ಬಾಲದ ಬಿಳಿ ಹಕ್ಕಿ ಜೋಡಿಯೊಂದು ಬಂಡೆಯ ಮುಂದೆ ಸುತ್ತುತ್ತಿತ್ತು. ಬಿಸಿಲಿಗೆ ಬಂದಾಗ ಹಕ್ಕಿಗಳು ಕೇಸರಿ, ನೆರಳಿಗೆ ಹೋದಾಗ ಬೂದಿ. ಬಣ್ಣ ಮೇಲೆ ಮೇಲೆ ಸರಿದು ತುದಿಯಲ್ಲಿ ಒಂದು ಗೆರೆ ಉಳಿಯಿತು. ಆಮೇಲೆ ಅದೂ ಹೋಯಿತು. ಹಿಂದುಗಡೆ ಜನ ಚಪ್ಪಾಳೆ ತಟ್ಟಿದರು. ಹಸಿರು ಮಿಂಚು ಯಾರಿಗೂ ಕಾಣಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ವಾಪಸ್ ಬರುವಾಗ, ಪಶ್ಚಿಮದ ಮೂಲೆ ತಿರುಗಿದ್ದೇ ಗಾಳಿ ಎದುರಾಯಿತು. ಒಂದೊಂದು ಅಲೆಗೂ ಮುಂದಿನ ಸಾಲಿನವರಿಗೆ ಉಪ್ಪುನೀರಿನ ಸ್ನಾನ. ಊಟದಲ್ಲಿ ನಮಗೆ ದಕ್ಕಿದ್ದು ಅನ್ನ, ಸಲಾಡ್, ಅನಾನಸ್. ಮೊದಲೇ ಹೇಳಿದ್ದರೂ ಅಷ್ಟೇ. ಅಮ್ಮನ ಚೀಲದಲ್ಲಿ ಚಟ್ನಿಪುಡಿ ಇತ್ತು, ಬದುಕಿದೆವು. ಪಕ್ಕದ ಟೇಬಲ್ಲಿನ ದಂಪತಿಗೂ ಸ್ವಲ್ಪ ಹೋಯಿತು.

ಹೋಗುವವರಿದ್ದರೆ ಕೇಳಿ. ಹೋಗುವಾಗ ಬಲಗಡೆ ಕೂತುಕೊಳ್ಳಿ, ನೆಲ ಆ ಕಡೆಗೇ ಇರುತ್ತದೆ. ಬರುವಾಗ ಒಂದು ದಪ್ಪ ಜಾಕೆಟ್ ಬೇಕೇ ಬೇಕು. ವಾಂತಿ ಮಾತ್ರೆ ಹತ್ತುವ ಮೊದಲೇ ನುಂಗಿ, ತಲೆ ಸುತ್ತು ಶುರುವಾದ ಮೇಲೆ ನುಂಗಿ ಉಪಯೋಗವಿಲ್ಲ. ಸಮುದ್ರದ ಗುಹೆಗಳ ಒಳಗೆ ಹೋಗಬೇಕು ಅನ್ನುವವರು ಚಿಕ್ಕ ರಬ್ಬರ್ ದೋಣಿ ಹಿಡಿಯಬೇಕು, ಬೆನ್ನುನೋವಿನವರಿಗೆ ಅದು ಬೇಡ. ತಿಮಿಂಗಿಲ ನೋಡುವ ಆಸೆ ಇದ್ದರೆ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ. ಆದರೆ ಆ ತಿಂಗಳುಗಳಲ್ಲಿ ಉತ್ತರದ ಅಲೆ ಜೋರು, ನಾ ಪಲಿಗೆ ಹೋಗಲಾಗದೆ ದಕ್ಷಿಣದ ಕಡೆಗೇ ತಿರುಗಿಸಿಬಿಡುವುದೂ ಉಂಟು.